ಶಿಕಾಗೋಗೆ ಹೊಸಬರಾ? ಬೇಸ್‌ಬಾಲ್ ಟೀಮಿನ ವಿಷಯ ಸ್ವಲ್ಪ ಕೇಳಿ

ಸೋಶಿಯಲ್ ಸೆಕ್ಯುರಿಟಿ ನಂಬರ್, ಡ್ರೈವಿಂಗ್ ಲೈಸೆನ್ಸ್, ಬ್ಯಾಂಕ್ ಖಾತೆ, ಮಕ್ಕಳ ಸ್ಕೂಲಿಗೆ ಲಸಿಕೆಯ ಕಾಗದ. ಇವನ್ನೆಲ್ಲ ಬಂದ ಹೊಸದರಲ್ಲೇ ಮುಗಿಸಿಬಿಡಿ. ಕನ್ನಡ ಕೂಟದಲ್ಲಿ ಯಾರನ್ನು ಕೇಳಿದರೂ ಹೇಳಿಕೊಡುತ್ತಾರೆ. ದಿನಸಿಗೆ ಡೆವಾನ್ ಅವೆನ್ಯೂ ಇದೆ. ದೇವಸ್ಥಾನ ಲೆಮಾಂಟ್‌ನಲ್ಲೂ ಇದೆ, ಅರೋರಾದಲ್ಲೂ ಇದೆ. ಇಷ್ಟಾದರೆ ಸಂಸಾರ ನಡೆಯುತ್ತದೆ. ನಾನು ಬರೆಯಲು ಕೂತಿರುವುದು ಅದಾದ ಮೇಲಿನ ವಿಷಯ. ಆಫೀಸಿನಲ್ಲಿ, ಕಟಿಂಗ್ ಶಾಪಿನಲ್ಲಿ, ಮಗುವಿನ ಸ್ಕೂಲಿನ ಗೇಟಿನ ಹತ್ತಿರ ಯಾರಾದರೊಬ್ಬರು ನಿಮ್ಮನ್ನು ಕೇಳೇ ಕೇಳುತ್ತಾರೆ: ಕಬ್ಸಾ, ಸಾಕ್ಸಾ?

ಸುಮ್ನೆ ಮಾತಿಗೆ ಕೇಳಿದ್ದು ಅಂದುಕೊಳ್ಳಬೇಡಿ. "ನಾನು ಬೇಸ್‌ಬಾಲ್ ನೋಡಲ್ಲ" ಅಂದರೆ ಮಾತು ಅಲ್ಲಿಗೇ ಮುಗಿಯಿತು. "ಇನ್ನೂ ಗೊತ್ತಿಲ್ಲ, ನಿಮ್ಮದು ಯಾವುದು?" ಅಂತ ಕೇಳಿ ನೋಡಿ. ಅವರ ಕಥೆ ಅಜ್ಜನಿಂದ ಶುರುವಾಗುತ್ತದೆ.

ಈ ಊರಿಗೆ ಎರಡು ಟೀಮು. ಉತ್ತರಕ್ಕೆ ಕಬ್ಸ್, ದಕ್ಷಿಣಕ್ಕೆ ವೈಟ್ ಸಾಕ್ಸ್. ಎರಡೂ ಮೈದಾನಕ್ಕೆ ಹೋಗುವುದು ಒಂದೇ ರೈಲು, ರೆಡ್ ಲೈನ್. ಅಡಿಸನ್‌ನಲ್ಲಿ ಇಳಿದರೆ ಕಬ್ಸ್‌ನ ರಿಗ್ಲಿ ಫೀಲ್ಡ್. 35ನೇ ಬೀದಿಯಲ್ಲಿ ಇಳಿದರೆ ಸಾಕ್ಸ್ ಮೈದಾನ. ಯಾರದು ಯಾವ ಟೀಮು ಅನ್ನುವುದು ಬಹಳ ಮನೆಗಳಲ್ಲಿ ಹುಟ್ಟುವ ಮೊದಲೇ ತೀರ್ಮಾನವಾಗಿರುತ್ತದೆ. ಅಜ್ಜ ಯಾವ ಬೀದಿಯಲ್ಲಿದ್ದರು, ಅಡುಗೆಮನೆಯಲ್ಲಿ ಅಮ್ಮ ಯಾವ ರೇಡಿಯೋ ಸ್ಟೇಷನ್ ಹಾಕುತ್ತಿದ್ದರು, ಅದರ ಮೇಲೆ. 2025ರ ಮೇ ತಿಂಗಳಲ್ಲಿ ಶಿಕಾಗೋದಲ್ಲಿ ಹುಟ್ಟಿದವರೊಬ್ಬರು ಪೋಪ್ ಆದರಲ್ಲ, ಆಗಲೂ ಈ ಊರಿಗೆ ಕುತೂಹಲ ಇದ್ದದ್ದು ಇದರ ಬಗ್ಗೆಯೇ. ಮೊದಲು ಕಬ್ಸ್ ಅಂತ ಸುದ್ದಿ ಹಬ್ಬಿತು. ಅವರ ಅಣ್ಣ ಟಿವಿಯಲ್ಲಿ ಅದನ್ನು ತಿದ್ದಿ, ಅವನು ಯಾವತ್ತೂ ಸಾಕ್ಸ್ ಕಡೆಯವನೇ ಅಂತ ಹೇಳಿದರು. 2005ರ ವರ್ಲ್ಡ್ ಸೀರೀಸ್‌ನ (ವರ್ಷದ ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಕೊನೆಯ ಸರಣಿ ಅದು) ಮೊದಲ ಪಂದ್ಯದ ದಿನ ಪೋಪ್ ಸಾಕ್ಸ್ ಮೈದಾನದಲ್ಲಿ ಕೂತಿದ್ದ ಹಳೆಯ ದೃಶ್ಯವೂ ಸಿಕ್ಕಿತು. ದಕ್ಷಿಣದ ಕಡೆಯವರಿಗೆ ಆದ ಖುಷಿ ಅಷ್ಟಿಷ್ಟಲ್ಲ.

ನಮ್ಮವರು ಇಲ್ಲಿ ಸಾಮಾನ್ಯವಾಗಿ ಎಡವುವುದು ಒಂದೇ ಕಡೆ. "ಎಷ್ಟು ಕಪ್ ಗೆದ್ದಿದ್ದಾರೆ?" ಅಂತ ಕೇಳುತ್ತಾರೆ. ಲೆಕ್ಕ ನೋಡಿ ಟೀಮು ಆರಿಸುತ್ತಾರೆ. ಇನ್ನೂ ಕೆಲವರು ಶಿಕಾಗೋದಲ್ಲಿದ್ದುಕೊಂಡು ನ್ಯೂಯಾರ್ಕಿನ ಯಾಂಕೀಸ್ ಟೀಮಿನ ಟೋಪಿ ಹಾಕಿಕೊಂಡು ಓಡಾಡುತ್ತಾರೆ, ಚೆನ್ನಾಗಿ ಕಾಣುತ್ತದೆ ಅಂತ. ಅದು ಬೇಡ. ಕಬ್ಸ್ 1908ರಲ್ಲಿ ವರ್ಲ್ಡ್ ಸೀರೀಸ್ ಗೆದ್ದರು. ಮತ್ತೆ ಗೆದ್ದದ್ದು 2016ರಲ್ಲಿ. ನಡುವೆ 108 ವರ್ಷ. 1945ರ ನಂತರ 71 ವರ್ಷ ವರ್ಲ್ಡ್ ಸೀರೀಸ್ ಆಡುವ ಅವಕಾಶವೂ ಸಿಗಲಿಲ್ಲ. ಎರ್ನಿ ಬ್ಯಾಂಕ್ಸ್ ಅಂತ ಒಬ್ಬರಿದ್ದರು, ಇಲ್ಲಿಯವರು ಅವರನ್ನು ಮಿಸ್ಟರ್ ಕಬ್ ಅಂತಲೇ ಕರೆಯುತ್ತಾರೆ. 1953ರಲ್ಲಿ ಬಂದರು, ಕಬ್ಸ್‌ಗೆ ಆಡಿದ ಮೊದಲ ಕರಿಯ ಆಟಗಾರ. 512 ಹೋಮ್ ರನ್ (ನಮ್ಮ ಸಿಕ್ಸರ್ ಹಾಗೆ) ಹೊಡೆದರು. 2,528 ಪಂದ್ಯ ಆಡಿದರು, ಅದರಲ್ಲಿ ಒಂದೂ ಸೀಸನ್ ಮುಗಿದ ಮೇಲಿನ ನಾಕೌಟ್ ಪಂದ್ಯವಲ್ಲ. 2015ರ ಜನವರಿಯಲ್ಲಿ ತೀರಿಕೊಂಡರು. ಗೆಲುವು ಬಂದದ್ದು ಮರುವರ್ಷ. ಇಂಥ ಟೀಮಿನವರನ್ನು ಎಷ್ಟು ಕಪ್ ಅಂತ ಕೇಳಿದರೆ ಅವರಿಗೆ ಏನನಿಸಬಹುದು?

ನಮಗಂತೂ ಇದು ಅರ್ಥವಾಗಲೇಬೇಕು. 2008ರಿಂದ 2025ರವರೆಗೆ ಪ್ರತಿ ಸೀಸನ್ನಿನಲ್ಲೂ ಕಪ್ಪಿಗೆ ಕಾದವರು ನಾವು, "ಈ ಸಲ ಕಪ್ ನಮ್ದೇ" ಅಂದವರು ನಾವು. ಹದಿನೆಂಟನೇ ಸೀಸನ್ನಿನಲ್ಲಿ, ಪಂಜಾಬ್ ವಿರುದ್ಧ ಆರು ರನ್ನಿನಿಂದ ಆರ್‌ಸಿಬಿ ಗೆದ್ದಾಗ ಇಲ್ಲಿ ನಡುಹಗಲು. ಆಫೀಸಿನಲ್ಲಿ ಕೂತು ಕಣ್ಣೊರೆಸಿಕೊಂಡವರು ನನಗೆ ಗೊತ್ತು. ಸೋತ ವರ್ಷಗಳಲ್ಲೂ ಬಿಟ್ಟು ಹೋಗದವರಿಗೆ ಆ ಗೆಲುವು ಎಷ್ಟು ಆಳಕ್ಕೆ ಇಳಿಯುತ್ತದೆ ಅನ್ನುವುದನ್ನು ಯಾರೂ ನಮಗೆ ವಿವರಿಸಬೇಕಿಲ್ಲ.

ಒಂದು ವ್ಯತ್ಯಾಸ ಮಾತ್ರ ಇದೆ. ಐಪಿಎಲ್‌ನಲ್ಲಿ ಎರಡು ತಿಂಗಳು, ಲೀಗ್ ಹಂತಕ್ಕೆ ಹದಿನಾಲ್ಕು ಪಂದ್ಯ. ಇಲ್ಲಿ ಏಪ್ರಿಲ್ ಹತ್ತಿರ ಶುರುವಾದರೆ ಸೆಪ್ಟೆಂಬರ್ ಕೊನೆಯವರೆಗೆ 162 ಪಂದ್ಯ. ಹೆಚ್ಚುಕಮ್ಮಿ ದಿನಾ ಆಟ. ಇದು ಹಬ್ಬದೂಟವಲ್ಲ, ದಿನದ ಅನ್ನ ಸಾರು. ಹಾಗಾಗಿ ಎಲ್ಲ ಪಂದ್ಯವನ್ನೂ ಕಣ್ಣು ಮಿಟುಕಿಸದೆ ನೋಡಬೇಕು ಅಂತ ಇಲ್ಲ. ಸಂಜೆ ಪಾತ್ರೆ ತೊಳೆಯುವಾಗ ರೇಡಿಯೋ ಹಾಕಿ. ಪ್ಯಾಟ್ ಹ್ಯೂಸ್ ಅನ್ನುವವರು 1996ರಿಂದ ಕಬ್ಸ್ ಕಾಮೆಂಟರಿ ಹೇಳುತ್ತಿದ್ದಾರೆ. ಪ್ರತಿ ಪಂದ್ಯದಲ್ಲೂ ಆಟಗಾರರು ತೊಟ್ಟಿರುವ ಬಟ್ಟೆಯ ಬಣ್ಣವನ್ನೂ ಬಿಡದೆ ವರ್ಣಿಸುತ್ತಾರೆ. ಅರ್ಥ ಆಗದಿದ್ದರೂ ಪರವಾಗಿಲ್ಲ, ಕಿವಿಗೆ ಬೀಳಲಿ. ಟ್ರಾನ್ಸಿಸ್ಟರ್ ಪಕ್ಕದಲ್ಲಿಟ್ಟುಕೊಂಡು ಟೆಸ್ಟ್ ಮ್ಯಾಚ್ ಕೇಳುತ್ತಾ ಬೆಳೆದವರಿಗೆ ಇದು ಬೇಗ ಹಿಡಿಸುತ್ತದೆ.

ನನಗೆ ಈ ಆಟ ಹತ್ತಿಸಿದ್ದು ಪಕ್ಕದ ಮನೆಯ ಹಿರಿಯರು. ಪೋಸ್ಟ್ ಆಫೀಸಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಹೆಂಡತಿ ತೀರಿಹೋಗಿದ್ದರು. ಬೇಸಿಗೆಯ ಸಂಜೆ ಮನೆಮುಂದಿನ ಜಗಲಿಯಲ್ಲಿ ರೇಡಿಯೋ ಇಟ್ಟುಕೊಂಡು, ತೊಡೆಯ ಮೇಲೆ ರಟ್ಟು, ಅದರ ಮೇಲೆ ಸ್ಕೋರ್‌ಕಾರ್ಡ್, ಕೈಯಲ್ಲಿ ಪೆನ್ಸಿಲ್. ಒಬ್ಬೊಬ್ಬ ಬ್ಯಾಟರ್‌ಗೆ ಒಂದೊಂದು ಸಾಲು, ಒಂದೊಂದು ಸರದಿಗೆ ಒಂದೊಂದು ಮನೆ. ಮೈದಾನದ ಒಂಬತ್ತು ಜಾಗಕ್ಕೂ ಒಂದೊಂದು ಅಂಕಿ. ಚೆಂಡೆಸೆಯುವ ಪಿಚರ್ 1, ಬ್ಯಾಟರ್ ಹಿಂದೆ ಕೂತು ಅದನ್ನು ಹಿಡಿಯುವ ಕ್ಯಾಚರ್ 2, ಮೊದಲನೇ ಬೇಸ್ 3, ಹೀಗೆ. ಬೇಸ್ ಅಂದರೆ ರನ್ನಿಗೆ ಓಡುವವರು ಮುಟ್ಟಬೇಕಾದ ಮೂಲೆ. ಚೆಂಡು ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸಿನ ನಡುವೆ ನಿಲ್ಲುವವನು) ಕೈಯಿಂದ ಎರಡನೇ ಬೇಸಿಗೆ, ಅಲ್ಲಿಂದ ಮೊದಲನೇ ಬೇಸಿಗೆ ಹೋಗಿ ಇಬ್ಬರು ಔಟಾದರೆ 6-4-3 ಅಂತ ಬರೆಯುತ್ತಿದ್ದರು. ಮೂರು ಸ್ಟ್ರೈಕಿಗೆ, ಅಂದರೆ ಹೊಡೆಯಲಾಗದ ಇಲ್ಲವೇ ಬಿಟ್ಟ ಮೂರು ಸರಿಯಾದ ಎಸೆತಕ್ಕೆ, ಔಟಾದರೆ ಕೆ. ಬ್ಯಾಟರ್ ಬ್ಯಾಟು ಬೀಸದೆ ಸುಮ್ಮನೆ ನಿಂತು ಔಟಾದರೆ ಅದೇ ಕೆ ಅಕ್ಷರ ಉಲ್ಟಾ. ನಾನು ಕೂತು ನೋಡುತ್ತಿದ್ದೆ. ಒಂದು ದಿನ ಅವರು ಒಳಗೆ ಹೋಗುವಾಗ ಪೆನ್ಸಿಲ್ ನನ್ನ ಕೈಗೆ ಕೊಟ್ಟು, ನೋಡ್ಕೋ ಅಂದರು. ಕಾಮೆಂಟರಿ ಕೇಳಿಕೊಂಡು ಎರಡು ಮನೆ ತುಂಬಿದೆ. ಅವರು ವಾಪಸು ಬಂದು ನೋಡಿ, ಏನೂ ತಿದ್ದದೆ ಮುಂದಿನ ಮನೆ ಬರೆದರು.

2016ರ ನವೆಂಬರ್ 2ರ ರಾತ್ರಿ ನಾವಿಬ್ಬರೂ ಅವರ ಮನೆಯ ಹಾಲಿನಲ್ಲಿದ್ದೆವು. ಕ್ಲೀವ್‌ಲ್ಯಾಂಡ್‌ನಲ್ಲಿ ವರ್ಲ್ಡ್ ಸೀರೀಸ್‌ನ ಏಳನೇ, ಕೊನೆಯ ಪಂದ್ಯ. ಮೂರು ಪಂದ್ಯ ಸೋತು ಒಂದು ಗೆದ್ದಿದ್ದ ಕಬ್ಸ್ ಸರಣಿಯನ್ನು ಅಲ್ಲಿಯವರೆಗೆ ಎಳೆದು ತಂದಿದ್ದರು. ಮುಂದಿದ್ದರು, ಎಂಟನೇ ಇನ್ನಿಂಗ್ಸ್‌ನಲ್ಲಿ ಸಮ ಆಯಿತು. ಒಂಬತ್ತು ಮುಗಿದ ಮೇಲೆ ಮಳೆ, ಹದಿನೇಳು ನಿಮಿಷ ಆಟ ನಿಂತಿತು. ಹತ್ತನೇ ಇನ್ನಿಂಗ್ಸ್‌ನಲ್ಲಿ 8-7. ಕೊನೆಯ ಚೆಂಡು ಮೂರನೇ ಬೇಸಿನ ಕ್ರಿಸ್ ಬ್ರಯಂಟ್ ಕೈಯಿಂದ ಮೊದಲನೇ ಬೇಸಿನ ಆಂಥನಿ ರಿಜೋ ಕೈಗೆ. ಅವರು 5-3 ಅಂತ ಬರೆದರು. ಪೆನ್ಸಿಲ್ ಎಷ್ಟು ಒತ್ತಿದ್ದರೆಂದರೆ ಕಾಗದದ ಹಿಂಬದಿಯಲ್ಲೂ ಅಂಕಿ ಉಬ್ಬಿತ್ತು.

ಮರುದಿನ ಸಂಜೆ ನನ್ನ ಕಾರಿನಲ್ಲಿ ಅವರನ್ನು ರಿಗ್ಲಿಗೆ ಕರೆದುಕೊಂಡು ಹೋದೆ. ಮೈದಾನದ ಹೊರಗಿನ ಇಟ್ಟಿಗೆ ಗೋಡೆಯ ಮೇಲೆ ಜನ ಸೀಮೆಸುಣ್ಣದಲ್ಲಿ ಹೆಸರು ಬರೆಯುತ್ತಿದ್ದರು. ವೇವ್‌ಲ್ಯಾಂಡ್ ಬೀದಿ, ಶೆಫೀಲ್ಡ್ ಬೀದಿ, ಎರಡೂ ಕಡೆ. ಹೆಚ್ಚಿನವು ತೀರಿಹೋದವರ ಹೆಸರುಗಳು: ಅಪ್ಪ, ಅಜ್ಜಿ, ಚಿಕ್ಕಪ್ಪ, ಗೆಳೆಯ. ಕೈಗೆಟುಕುವಷ್ಟು ಎತ್ತರದಲ್ಲಿ ಜಾಗ ಖಾಲಿಯಾಗಿ ಒಬ್ಬರ ಹೆಗಲ ಮೇಲೆ ಒಬ್ಬರು ಹತ್ತಿ ಬರೆಯುತ್ತಿದ್ದರು. ಗುರುತಿಲ್ಲದ ಹೆಂಗಸೊಬ್ಬರು ತಮ್ಮ ಸೀಮೆಸುಣ್ಣದ ಅರ್ಧ ಮುರಿದು ಇವರಿಗೆ ಕೊಟ್ಟರು. ಇವರು ಹೆಂಡತಿಯ ಹೆಸರು ಬರೆದು, ಕೆಳಗೆ 5-3 ಅಂತ ಸೇರಿಸಿದರು. ಮದುವೆಯಾದ ಹೊಸತರಲ್ಲಿ ಇವರಿಗೆ ಸ್ಕೋರ್ ಬರೆಯಲು ಕಲಿಸಿಕೊಟ್ಟದ್ದು ಹೆಂಡತಿಯೇ ಅಂತೆ. ಟೀಮು ಅಂದರೆ ಇವರಿಗೆ ಏನು ಅನ್ನುವುದು ನನಗೆ ಪೂರ್ತಿ ತಿಳಿದದ್ದು ಆ ಗೋಡೆಯ ಮುಂದೆ. ಇಲ್ಲದವರನ್ನೂ ಸೇರಿಸಿಕೊಂಡು ಒಟ್ಟಿಗೆ ಕಾಯುವುದು ಅದು.

ಮೈದಾನಕ್ಕೆ ಹೋಗುವವರಿಗೆ ಒಂದೆರಡು ಮಾತು. ವಾರದ ನಡುವಿನ ಪಂದ್ಯಕ್ಕೆ ಟಿಕೆಟ್ ಅಗ್ಗ. ಏಪ್ರಿಲ್‌ನಲ್ಲಿ ಮಿಶಿಗನ್ ಸರೋವರದ ಕಡೆಯಿಂದ ಬರುವ ಗಾಳಿ ಮೂಳೆ ಕೊರೆಯುತ್ತದೆ, ದಪ್ಪ ಜಾಕೆಟ್ ಇರಲಿ. ಸಸ್ಯಾಹಾರಿಗಳಿಗೆ ಸಿಪ್ಪೆ ಸಮೇತ ಹುರಿದ ಕಡ್ಲೆಕಾಯಿ ಸಿಗುತ್ತದೆ, ಸಿಪ್ಪೆ ಕಾಲಡಿ ಹಾಕಿದರೆ ಯಾರೂ ಏನೂ ಅನ್ನುವುದಿಲ್ಲ. ಏಳನೇ ಇನ್ನಿಂಗ್ಸ್ ನಡುವೆ ಎಲ್ಲರೂ ಎದ್ದು ಹಾಡುತ್ತಾರೆ. ಪದ ಗೊತ್ತಿಲ್ಲದಿದ್ದರೂ ಎದ್ದು ನಿಲ್ಲಿ. ರಿಗ್ಲಿಯಲ್ಲಿ ಎದುರಾಳಿ ಹೊಡೆದ ಹೋಮ್ ರನ್ ಚೆಂಡು ನಿಮ್ಮ ಕೈಗೆ ಸಿಕ್ಕರೆ ಮನೆಗೆ ತರಬೇಡಿ. ಮೈದಾನಕ್ಕೆ ವಾಪಸು ಎಸೆಯಬೇಕು, ಸುತ್ತಲಿನವರೆಲ್ಲ ಅದಕ್ಕೇ ಕೂಗುತ್ತಿರುತ್ತಾರೆ. ಗೆದ್ದರೆ ಸ್ಕೋರ್‌ಬೋರ್ಡಿನ ಮೇಲೆ ಡಬ್ಲ್ಯೂ ಅಕ್ಷರದ ಬಿಳಿ ಬಾವುಟ ಹಾರಿಸುತ್ತಾರೆ, ಸೋತರೆ ಎಲ್ ಅಕ್ಷರದ ನೀಲಿ ಬಾವುಟ. ರೈಲಿನಲ್ಲಿ ಹೋಗುವವರಿಗೂ ಫಲಿತಾಂಶ ತಿಳಿಯಲಿ ಅಂತ ಬಂದ ಪದ್ಧತಿ.

ಇನ್ನು ಕ್ರಿಕೆಟ್. ಮೊದಲ ಸೀಸನ್ ಪೂರ್ತಿ "ನಮ್ಮ ಕ್ರಿಕೆಟ್‌ನಲ್ಲಿ ಹೀಗಲ್ಲ" ಅನ್ನುವ ಮಾತೇ ಬೇಡ ಅಂತ ನನ್ನ ಸಲಹೆ. ಫುಲ್‌ಟಾಸ್‌ಗೆ ಇಷ್ಟು ಕಷ್ಟಪಡುತ್ತಾರಲ್ಲ ಅಂತ ನಗುವವರನ್ನು ನೋಡಿದ್ದೇನೆ. ನಮ್ಮ ಮನೆಗೆ ಬಂದವರು ಬಿಸಿಬೇಳೆ ಬಾತ್ ಬಾಯಿಗಿಡುವ ಮೊದಲೇ ತಮ್ಮೂರ ಅಡುಗೆ ಹೊಗಳಿದರೆ ನಮಗೂ ಬೇಜಾರಲ್ವಾ? ಮೊದಲು ಕೇಳಿಸಿಕೊಳ್ಳಿ. ಆಮೇಲೆ ಅವರೇ ನಿಮ್ಮ ಆಟದ ಬಗ್ಗೆ ಕೇಳುತ್ತಾರೆ.

ಈ ಪ್ರೀತಿ ಕೆಡುವುದೂ ಉಂಟು, ಅದನ್ನೂ ಹೇಳಲೇಬೇಕು. 2003ರ ಅಕ್ಟೋಬರ್‌ನಲ್ಲಿ ಕಬ್ಸ್ ವರ್ಲ್ಡ್ ಸೀರೀಸ್‌ಗೆ ಇನ್ನು ಐದು ಔಟ್‌ಗಳಷ್ಟೇ ದೂರ ಇದ್ದರು. ಗ್ಯಾಲರಿಯ ಕಡೆ ಬಂದ ಚೆಂಡಿಗೆ ಅಭಿಮಾನಿಯೊಬ್ಬ, ಅಕ್ಕಪಕ್ಕದವರ ಹಾಗೆಯೇ, ಕೈ ಚಾಚಿದ. ಕಬ್ಸ್ ಆಟಗಾರನಿಗೆ ಕ್ಯಾಚ್ ಸಿಗಲಿಲ್ಲ. ಆಮೇಲೆ ಅದೇ ಇನ್ನಿಂಗ್ಸ್‌ನಲ್ಲಿ ಎದುರಾಳಿ ಎಂಟು ರನ್ ಗಳಿಸಿದರು. ತಪ್ಪು ಪೂರ್ತಿ ಅವನ ತಲೆಗೆ ಬಂತು. ಕಾವಲು ಸಿಬ್ಬಂದಿ ಅವನನ್ನು ಹೊರಗೆ ಕರೆದುಕೊಂಡು ಹೋಗಬೇಕಾಯಿತು. ಆಮೇಲೆ ಅವನು ಜನರ ಕಣ್ಣಿಗೆ ಬೀಳದೆ ಬದುಕಿದ. ಹುಟ್ಟಿನಿಂದ ಕಬ್ಸ್‌ನವನೇ ಆದವನಿಗೆ ಸ್ವಂತ ಊರೇ ಹೀಗೆ ಮಾಡಿತು. 2017ರಲ್ಲಿ ಟೀಮು ಅವನಿಗೂ ಚಾಂಪಿಯನ್ ಉಂಗುರ ಕೊಟ್ಟಿತು, ಒಳ್ಳೆಯದಾಯಿತು. ನಮ್ಮ ಬೆಂಗಳೂರಿನಲ್ಲಿ 2025ರ ಜೂನ್ 4ರಂದು ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಹನ್ನೊಂದು ಜನ ಕಾಲ್ತುಳಿತದಲ್ಲಿ ಸತ್ತರು. ಟೀಮನ್ನು ಪ್ರೀತಿಸಿದ್ದಕ್ಕೇ ಅಲ್ಲಿಗೆ ಬಂದವರು ಅವರು. ಮಕ್ಕಳಿಗೆ ಟೀಮು ತೋರಿಸುವವರು ಈ ಎರಡನ್ನೂ ಹೇಳಿಕೊಡಬೇಕು ಅಂತ ನನಗನಿಸುತ್ತದೆ.

ಮಕ್ಕಳು ನಿಮಗಿಂತ ಮೊದಲು ಈ ಊರಿನವರಾಗುತ್ತಾರೆ. 2021ರ ಜುಲೈ ಕೊನೆಯಲ್ಲಿ ಕಬ್ಸ್ ಎರಡೇ ದಿನದಲ್ಲಿ ರಿಜೋ, ಬ್ರಯಂಟ್, ಬಾಯೆಜ್ ಮೂವರನ್ನೂ ಬೇರೆ ಟೀಮುಗಳಿಗೆ ಕೊಟ್ಟುಬಿಟ್ಟರು. ನನ್ನ ಮಗಳು ರಿಜೋ ಹೆಸರಿನ ಅಂಗಿ ಹಾಕಿಕೊಂಡೇ ಅತ್ತಳು. ಆಗ "ಹೋಗ್ಲಿ ಬಿಡಮ್ಮ, ಆಟ ತಾನೆ" ಅನ್ನುವವರಿದ್ದಾರೆ. ದಯವಿಟ್ಟು ಅನ್ನಬೇಡಿ. ಪಕ್ಕದಲ್ಲಿ ಕೂತುಕೊಳ್ಳಿ ಸಾಕು. ಮರುವಾರ ಅವಳು ಅದೇ ಅಂಗಿ ಹಾಕಿಕೊಂಡು ಮೈದಾನಕ್ಕೆ ಹೊರಟಳು. ಆಟಗಾರ ಹೋದರೂ ಟೀಮು ಇರುತ್ತದೆ ಅಂತ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ನನಗೆ ಒಳಗೊಳಗೇ ನೋವೂ ಆಗುತ್ತದೆ, ಸುಳ್ಳೇಕೆ ಹೇಳಲಿ. 1974ರಲ್ಲಿ, ಸತತ ಹದಿನೈದು ಸಲ ರಣಜಿ ಗೆದ್ದಿದ್ದ ಬಾಂಬೆಯನ್ನು ಕರ್ನಾಟಕ ನಿಲ್ಲಿಸಿದ ಕಥೆ ಕೇಳಿ ನಾನು ಬೆಳೆದೆ. ಪ್ರಸನ್ನ ಗವಾಸ್ಕರ್‌ರನ್ನು ಬೌಲ್ಡ್ ಮಾಡಿದ್ದನ್ನು ನಮ್ಮಪ್ಪ ಹೇಳುವಾಗ ಅವರ ಬೆರಳೇ ತಿರುಗುತ್ತಿತ್ತು. ಅದನ್ನು ಮಗಳಿಗೆ ಹೇಳಿದರೆ ಗೌರವದಿಂದ ಕೇಳುತ್ತಾಳೆ, ಅಷ್ಟೇ. ಅವಳ ಮೈ ಜುಮ್ಮೆನ್ನುವುದಿಲ್ಲ. ವಿಶ್ವನಾಥ್ ಸ್ಕ್ವೇರ್ ಕಟ್ ಅವಳಿಗೆ ಬರೀ ಯೂಟ್ಯೂಬ್ ವಿಡಿಯೋ. ಈ ಕೊಂಡಿ ಕಳಚಿದ್ದು ನಿಜ, ಅದನ್ನು ಮುಚ್ಚಿಡಲಾರೆ. ಆದರೆ ಅವಳು ಸ್ಕೋರ್‌ಕಾರ್ಡ್ ಬರೆಯುತ್ತಾಳೆ. ಬೆಂಗಳೂರಿನಿಂದ ಅವಳ ತಾತ ಬಂದಿದ್ದಾಗ ಅವರ ಪಕ್ಕ ಕೂತು, ಕನ್ನಡದಲ್ಲೇ, ಉಲ್ಟಾ ಕೆ ಯಾಕೆ ಅಂತ ವಿವರಿಸಿದಳು. ಅವರು ಮೂರು ಗಂಟೆ ಎದ್ದೇಳಲಿಲ್ಲ.

ಹಾಗಾದರೆ ಯಾವ ಟೀಮು? ನೀವಿರುವ ಜಾಗ, ಮೊದಲು ಸ್ನೇಹವಾದ ಮನೆ, ಇಲ್ಲವೇ ಮಗುವಿನ ಆಯ್ಕೆ, ಯಾವುದಾದರೂ ಸರಿ. ಸಾಕ್ಸ್ ಆದರೆ ಇನ್ನೂ ಗಟ್ಟಿ ಎದೆ ಬೇಕು. 2024ರಲ್ಲಿ ಅವರು 121 ಪಂದ್ಯ ಸೋತರು, ಆಧುನಿಕ ಕಾಲದಲ್ಲಿ ಯಾರೂ ಅಷ್ಟು ಸೋತಿರಲಿಲ್ಲ. ಆ ವರ್ಷವೂ ಮೈದಾನಕ್ಕೆ ಹೋದವರು ನನ್ನ ಪ್ರಕಾರ ಈ ಊರಿನ ಅತ್ಯಂತ ಗಟ್ಟಿ ಅಭಿಮಾನಿಗಳು. ಒಮ್ಮೆ ಹಿಡಿದ ಮೇಲೆ ಬದಲಿಸಬೇಡಿ, ಅಷ್ಟೇ.

ಶುರುಮಾಡಲು ಏಪ್ರಿಲ್‌ವರೆಗೆ ಕಾಯುವುದೂ ಬೇಡ. ಫೆಬ್ರವರಿ ನಡುವೆ, ಇಲ್ಲಿ ಇನ್ನೂ ಹಿಮ ಇರುವಾಗಲೇ, ಎರಡೂ ಟೀಮಿನ ಪಿಚರ್‌ಗಳು, ಕ್ಯಾಚರ್‌ಗಳು ಅರಿಜೋನಾದಲ್ಲಿ ಅಭ್ಯಾಸಕ್ಕೆ ಸೇರುತ್ತಾರೆ. ಆ ವಾರ ಪಕ್ಕದ ಮನೆಯವರು ಹಿಮ ಎತ್ತಿ ಹಾಕಲು ಹೊರಗೆ ಬಂದಾಗ, ಈ ವರ್ಷ ನಮ್ಮ ಪಿಚಿಂಗ್ ಹೇಗಿದೆ ಅಂತ ಕೇಳಿ. ಉತ್ತರ ಉದ್ದ ಇರುತ್ತದೆ. ಪೂರ್ತಿ ಕೇಳಿ.