ಹಿಡಿಯದೆ ಬಿಟ್ಟ ದಾರಿಯನ್ನು ಟ್ಯಾರೋ ಕಾರ್ಡುಗಳ ನೆರವಿನಿಂದ ನೋಡುವ ಕ್ರಮ

ಟ್ಯಾರೋ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಭವಿಷ್ಯ: ಮದುವೆ ಯಾವಾಗ, ಕೆಲಸ ಸಿಗುತ್ತದೆಯೇ, ವೀಸಾ ಬರುತ್ತದೆಯೇ. ಈ ಬರಹದ ವಿಷಯ ಅದಲ್ಲ. ಸೇರದೆ ಬಿಟ್ಟ ಕೋರ್ಸು, ಒಪ್ಪದೆ ಹೋದ ಸಂಬಂಧ, ತೊರೆದು ಬಂದ ಊರು, ಹೀಗೆ ಎಂದೋ ಒಂದು ಕವಲಿನಲ್ಲಿ ನಾವು ಹಿಡಿಯದ ದಾರಿ ವರ್ಷಗಳು ಕಳೆದ ಮೇಲೂ ಮನಸ್ಸನ್ನು ಎಳೆಯುತ್ತಿದ್ದರೆ, ಅದನ್ನು ಎದುರಿಗಿಟ್ಟುಕೊಂಡು ನೋಡಲು ಟ್ಯಾರೋ ಕಟ್ಟಿನ 78 ಚಿತ್ರಗಳನ್ನು ಹೇಗೆ ಬಳಸಬಹುದು ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಆ ದಾರಿಯನ್ನು ಹಿಡಿದಿದ್ದರೆ ಏನಾಗುತ್ತಿತ್ತು ಎಂಬುದನ್ನು ಯಾವ ಕಾರ್ಡೂ ಹೇಳಲಾರದು. ಹೇಳುತ್ತದೆ ಎನ್ನುವವರಿಗೆ ದುಡ್ಡು ಕೊಡಬೇಡಿ. ನಡೆಯದ ಬದುಕಿಗೆ ದಾಖಲೆಯಿಲ್ಲ. ಆದರೆ ಆ ದಾರಿಯಿಂದ ನಾವು ಬಯಸಿದ್ದೇನು, ತಡೆದದ್ದು ಯಾವುದು, ಆ ಬಯಕೆಯಲ್ಲಿ ಇಂದಿಗೂ ಜೀವವಿರುವುದು ಎಷ್ಟು ಎಂಬ ಪ್ರಶ್ನೆಗಳಿಗೆ ಉತ್ತರ ನಮ್ಮೊಳಗೇ ಇದೆ, ಮತ್ತು ನಾವು ಆರಿಸದ, ಅಕಸ್ಮಾತ್ತಾಗಿ ಕೈಗೆ ಬಂದ ಒಂದು ಚಿತ್ರ ಆ ಉತ್ತರವನ್ನು ಹೊರಗೆಳೆಯುವುದರಲ್ಲಿ ಬಹಳ ಸಮರ್ಥವಾದದ್ದು. ಸುಮ್ಮನೆ ಯೋಚಿಸಲು ಕುಳಿತರೆ ಮನಸ್ಸು ನೂರು ಸಲ ಹೇಳಿಕೊಂಡ ಕಥೆಯನ್ನೇ ಮತ್ತೆ ಹೇಳುತ್ತದೆ. ನಿರೀಕ್ಷಿಸದ ಚಿತ್ರ ಎದುರಾದಾಗ ಮನಸ್ಸು ಆ ಕಥೆಯಲ್ಲಿ ಇಲ್ಲದ ಮೂಲೆಯೊಂದಕ್ಕೆ ಹೋಗಲೇಬೇಕಾಗುತ್ತದೆ.

ಕಾರ್ಡುಗಳ ಇತಿಹಾಸವನ್ನು ಸ್ವಲ್ಪ ತಿಳಿದಿದ್ದರೆ ಅವುಗಳ ಮುಂದೆ ಅನಗತ್ಯವಾದ ಭಯಭಕ್ತಿ ಉಳಿಯುವುದಿಲ್ಲ. ಟ್ಯಾರೋ ಹುಟ್ಟಿದ್ದು 15ನೆಯ ಶತಮಾನದ ಉತ್ತರ ಇಟಲಿಯಲ್ಲಿ, ಮಿಲಾನ್ ಮತ್ತು ಫೆರಾರಾದಂಥ ಅರಸುಮನೆಗಳ ಸುತ್ತಮುತ್ತ, ಕೇವಲ ಒಂದು ಎಲೆಯಾಟವಾಗಿ. ಮೈಸೂರಿನ ಅರಮನೆಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಗಂಜೀಫಾ ಹೇಗೆ ಆಟದ ಎಲೆಯೋ ಹಾಗೆ. ಅದರಲ್ಲಿ ಗೂಢವಾದ ಪುರಾತನ ಜ್ಞಾನವಿದೆ ಎಂಬ ಮಾತನ್ನು 1781ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟಿಸಿದವನು ಆಂಟ್ವಾನ್ ಕೂರ್ ದ ಜೆಬ್ಲಾ. ಇಂದು ಹೆಚ್ಚು ಬಳಕೆಯಲ್ಲಿರುವ ಕಟ್ಟು 1909ರಲ್ಲಿ ಲಂಡನ್ನಿನ ರೈಡರ್ ಸಂಸ್ಥೆಯಿಂದ ಹೊರಬಂತು. ಎ. ಇ. ವೇಟ್ ಅದನ್ನು ಯೋಜಿಸಿದರು. ಚಿತ್ರಗಳನ್ನು ಬರೆದವರು ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಕಲಾವಿದೆ. ಅವರ ಹೆಸರು ಬಹುಕಾಲ ಕಟ್ಟಿನ ಹೆಸರಿನಲ್ಲಿ ಸೇರಲೇ ಇಲ್ಲ ಎಂಬುದು ನನಗೆ ಇಂದಿಗೂ ಬೇಸರದ ಸಂಗತಿ, ಏಕೆಂದರೆ ನಮ್ಮ ಈ ಕೆಲಸಕ್ಕೆ ಬೇಕಾದದ್ದು ಅವರ ಕುಂಚವೇ. ಹಳೆಯ ಕಟ್ಟುಗಳ ಪೈಕಿ ಹೆಚ್ಚಿನವುಗಳಲ್ಲಿ 22 ದೊಡ್ಡ ಕಾರ್ಡುಗಳಿಗೆ ಮಾತ್ರ ಚಿತ್ರವಿದ್ದು, ಉಳಿದ 56ರಲ್ಲಿ ರಾಜ ರಾಣಿಯರ ಕಾರ್ಡುಗಳನ್ನು ಬಿಟ್ಟರೆ ಬಟ್ಟಲು (ಕಪ್ಸ್), ಖಡ್ಗ (ಸ್ವೋರ್ಡ್ಸ್), ದಂಡ (ವಾಂಡ್ಸ್), ನಾಣ್ಯ (ಪೆಂಟಕಲ್ಸ್) ಇವುಗಳನ್ನು ಎಣಿಕೆಗೆ ತಕ್ಕಂತೆ ಜೋಡಿಸಲಾಗುತ್ತಿತ್ತು. ಸ್ಮಿತ್ ಆ ಎಣಿಕೆಯ ಕಾರ್ಡುಗಳಿಗೂ ಮನುಷ್ಯರನ್ನು, ಮನೆಗಳನ್ನು, ದೋಣಿಗಳನ್ನು, ಬೆಟ್ಟಗಳನ್ನು ತಂದರು. ಬಿಟ್ಟ ದಾರಿಯ ವಿಚಾರಕ್ಕೆ ದೇವತೆಗಳಿಗಿಂತ ಈ ಸಾಮಾನ್ಯ ಮನುಷ್ಯರೇ ಹೆಚ್ಚು ಉಪಯುಕ್ತರಾದ್ದರಿಂದ, ಹೊಸದಾಗಿ ಕೊಳ್ಳುವವರು ಈ ಕಟ್ಟನ್ನೇ ಕೊಳ್ಳಲಿ ಎಂಬುದು ನನ್ನ ಸಲಹೆ.

ಕಾರ್ಡು ಮುಟ್ಟುವ ಮೊದಲು ಪ್ರಶ್ನೆಯನ್ನು ಬರೆದುಕೊಳ್ಳಬೇಕು. ಪ್ರಶ್ನೆ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ. "ನಾನು ಆಗ ಅಮೆರಿಕಕ್ಕೆ ಹೋಗಿದ್ದರೆ ಸುಖವಾಗಿರುತ್ತಿದ್ದೆನೇ?" ಎಂಬುದು ಉತ್ತರವೇ ಇಲ್ಲದ ಪ್ರಶ್ನೆ, "ಅಮೆರಿಕಕ್ಕೆ ಹೋಗುವುದರಿಂದ ನಾನು ಏನನ್ನು ಪಡೆಯಲು ಬಯಸಿದ್ದೆ?" ಎಂಬುದಕ್ಕೆ ಉತ್ತರವಿದೆ. ಪ್ರಶ್ನೆಯ ಕರ್ತೃ ಯಾವಾಗಲೂ ನೀವೇ ಆಗಿರಬೇಕು. "ಅವಳು ನನ್ನನ್ನು ಇನ್ನೂ ನೆನೆಯುತ್ತಾಳೆಯೇ?" ಎಂದು ಕೇಳುವುದು ಮತ್ತೊಬ್ಬರ ಮನಸ್ಸಿಗೆ ಕೈಹಾಕಿದಂತೆ, ಮತ್ತು ಅಲ್ಲಿಂದ ಸಿಗುವುದು ನಮ್ಮ ಆಸೆಯ ಪ್ರತಿಧ್ವನಿ ಮಾತ್ರ. ಒಂದು ಸಲಕ್ಕೆ ಒಂದೇ ಕವಲನ್ನು ಹಿಡಿಯಿರಿ. ವರ್ಷ, ಊರು, ಆಗಿನ ನಿಮ್ಮ ವಯಸ್ಸು, ಆ ದಿನಗಳಲ್ಲಿ ಮನೆಯಲ್ಲಿದ್ದ ಪರಿಸ್ಥಿತಿ, ಇಷ್ಟನ್ನು ನಾಲ್ಕು ಸಾಲಿನಲ್ಲಿ ಬರೆದಿಡಿ. ಇಪ್ಪತ್ತೆರಡರ ವಯಸ್ಸಿನಲ್ಲಿ ತೆಗೆದುಕೊಂಡ ನಿರ್ಧಾರವನ್ನು ಐವತ್ತರ ತಿಳಿವಳಿಕೆಯಿಂದ ಅಳೆಯುವ ಅನ್ಯಾಯವನ್ನು ಈ ನಾಲ್ಕು ಸಾಲು ಬಹುಮಟ್ಟಿಗೆ ತಡೆಯುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಥಾಮಸ್ ಗಿಲೊವಿಚ್ ಮತ್ತು ವಿಕ್ಟೋರಿಯಾ ಮೆಡ್ವೆಕ್ ಅವರು 1990ರ ದಶಕದಲ್ಲಿ ನಡೆಸಿದ ಅಧ್ಯಯನಗಳು ಇಲ್ಲಿ ಪ್ರಸ್ತುತವಾಗುತ್ತವೆ. ಅವರು ಕಂಡದ್ದೇನೆಂದರೆ, ಇತ್ತೀಚಿನ ಸಂಗತಿಗಳ ವಿಷಯದಲ್ಲಿ ಮನುಷ್ಯರು ಮಾಡಿದ್ದಕ್ಕಾಗಿ ಹೆಚ್ಚು ಮರುಗುತ್ತಾರೆ. ಇಡೀ ಬದುಕನ್ನು ಹಿಂತಿರುಗಿ ನೋಡುವಾಗ ಮಾಡದೆ ಬಿಟ್ಟದ್ದಕ್ಕಾಗಿ ಹೆಚ್ಚು ಮರುಗುತ್ತಾರೆ. ಅದಕ್ಕೆ ಅವರು ಕೊಟ್ಟ ಕಾರಣಗಳಲ್ಲಿ ಒಂದು, ಮಾಡಿದ ಕೆಲಸದ ಫಲ ಕಣ್ಣೆದುರಿಗೆ ಇದ್ದು ಅದಕ್ಕೊಂದು ಮಿತಿಯಿರುತ್ತದೆ, ಮಾಡದ ಕೆಲಸದ ಫಲಕ್ಕೆ ಕಲ್ಪನೆಯಷ್ಟೇ ಮಿತಿ ಎಂಬುದು. ಹಿಡಿದ ದಾರಿಯ ಧೂಳು ನಮ್ಮ ಕಾಲಿಗೆ ಮೆತ್ತಿರುತ್ತದೆ, ಬಿಟ್ಟ ದಾರಿ ಮಾತ್ರ ಸದಾ ಗುಡಿಸಿಟ್ಟಂತೆ ಕಾಣುತ್ತದೆ. ಆದ್ದರಿಂದ ನಾವು ಹಾಕುವ ವಿನ್ಯಾಸದಲ್ಲಿ, ಅಂದರೆ ಕಾರ್ಡುಗಳನ್ನು ಜೋಡಿಸಿಡುವ ಕ್ರಮದಲ್ಲಿ, ಬಿಟ್ಟ ದಾರಿಯ ಕಷ್ಟಕ್ಕೆಂದೇ ಒಂದು ಸ್ಥಾನವನ್ನು ಕಡ್ಡಾಯವಾಗಿ ಇಡಬೇಕು. ಅದನ್ನು ಇಡದ ವಿನ್ಯಾಸಗಳು ಕೊರಗನ್ನು ಬೆಳೆಸುತ್ತವೆ ಎಂದೇ ನಾನು ಭಾವಿಸುತ್ತೇನೆ.

ವಿನ್ಯಾಸ ಆರು ಕಾರ್ಡುಗಳದ್ದು. ಮೊದಲನೆಯದನ್ನು ಎಳೆಯಬೇಡಿ, ಆರಿಸಿ. ಇಡೀ ಕಟ್ಟನ್ನು ಮುಖ ಮೇಲಾಗಿ ಹರಡಿ, ಆ ಕವಲಿನಲ್ಲಿ ನಿಂತಿದ್ದ ನಿಮ್ಮನ್ನು ಹೋಲುವ ಚಿತ್ರ ಯಾವುದೆಂದು ನಿಧಾನವಾಗಿ ಹುಡುಕಿ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಎದೆಯ ಮೇಲೆ ಎರಡು ಖಡ್ಗಗಳನ್ನು ಅಡ್ಡ ಹಿಡಿದು ಕುಳಿತ ಟೂ ಆಫ್ ಸ್ವೋರ್ಡ್ಸ್ ಕಾರ್ಡಿನ ಹೆಂಗಸೇ? ಮೋಡದಿಂದ ಚಾಚಿದ ಕೈಯೊಂದು ನೀಡುತ್ತಿರುವ ಬಟ್ಟಲನ್ನು ಗಮನಿಸದೆ ಮರದ ಕೆಳಗೆ ಕೈಕಟ್ಟಿ ಕುಳಿತ ಫೋರ್ ಆಫ್ ಕಪ್ಸ್ ಕಾರ್ಡಿನ ಯುವಕನೇ? ಅಥವಾ ಸಿಕ್ಸ್ ಆಫ್ ಸ್ವೋರ್ಡ್ಸ್ ಕಾರ್ಡಿನ ದೋಣಿಯಲ್ಲಿ ತಲೆತಗ್ಗಿಸಿ ಕುಳಿತು, ಅಂಬಿಗ ಕರೆದೊಯ್ದ ಕಡೆಗೆ ಹೋಗುತ್ತಿರುವವಳೇ? ಈ ಮೂವರ ನಡುವಿನ ಅಂತರ ದೊಡ್ಡದು: ಮೊದಲನೆಯವಳು ನಿರ್ಧರಿಸಲಾರದವಳು, ಎರಡನೆಯವನು ಅವಕಾಶವನ್ನೇ ಕಾಣದವನು, ಮೂರನೆಯವಳಿಗೆ ಬೇರೆಯವರು ನಿರ್ಧರಿಸಿದ್ದಾರೆ. "ನಾನು ಆ ದಾರಿ ಬಿಟ್ಟೆ" ಎಂದು ಅದುವರೆಗೆ ಹೇಳಿಕೊಂಡು ಬಂದವರಿಗೆ, ಬಿಟ್ಟವರು ತಾವಲ್ಲ, ಬಿಡಿಸಲಾಯಿತು ಎಂಬುದು ಹಲವು ಸಲ ಈ ಆಯ್ಕೆಯ ಹಂತದಲ್ಲೇ ತಿಳಿಯುತ್ತದೆ. ಹಾಗಾಗಿ ಇಲ್ಲಿ ಅವಸರ ಮಾಡಬಾರದು.

ಆರಿಸಿದ ಕಾರ್ಡನ್ನು ನಿಮ್ಮ ಹತ್ತಿರಕ್ಕೆ, ಕೆಳಗೆ ನಡುವಿನಲ್ಲಿ ಇಡಿ. ಉಳಿದ 77 ಕಾರ್ಡುಗಳನ್ನು ಚೆನ್ನಾಗಿ ಕಲೆಸಿ, ಮುಖ ಕೆಳಗಾಗಿ ಇಟ್ಟು, ಮೇಲಿನಿಂದ ಒಂದೊಂದಾಗಿ ತೆಗೆಯಿರಿ. ಎಡಗಡೆಗೆ, ಕೆಳಗಿನಿಂದ ಮೇಲಕ್ಕೆ ಎರಡು: ಆ ದಾರಿಯಲ್ಲಿ ನನ್ನನ್ನು ಸೆಳೆದದ್ದು ಏನು, ಆ ದಾರಿಯ ಒಂದು ಸಾಮಾನ್ಯ ದಿನದ ಕಷ್ಟ ಏನು. ಬಲಗಡೆಗೆ ಹಾಗೆಯೇ ಎರಡು: ನನ್ನನ್ನು ತಡೆದದ್ದು ಏನು, ಹಿಡಿದ ದಾರಿ ನನಗೆ ಕೊಟ್ಟದ್ದು ಏನು. ಕೊನೆಯದು ಮೇಲೆ ನಡುವಿನಲ್ಲಿ: ಆ ದಾರಿಯಿಂದ ಇಂದಿಗೂ ಈ ಬದುಕಿಗೆ ತಂದುಕೊಳ್ಳಬಹುದಾದದ್ದು ಏನು. ತಲೆಕೆಳಗಾಗಿ ಬಂದ ಕಾರ್ಡನ್ನು ನೇರ ಮಾಡಿಕೊಳ್ಳಿ. ತಲೆಕೆಳಗಿನ ಅರ್ಥಗಳು ಈ ಕೆಲಸಕ್ಕೆ ಬೇಕಿಲ್ಲ.

ಕಟ್ಟಿನ ಜೊತೆ ಬರುವ ಅರ್ಥದ ಪುಸ್ತಿಕೆಯನ್ನು ಕೊನೆಯವರೆಗೂ ತೆರೆಯಬೇಡಿ. ಪ್ರತಿ ಕಾರ್ಡಿಗೂ ಮೊದಲು ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯಿರಿ: ಯಾರಿದ್ದಾರೆ, ಯಾವ ಕಡೆ ನೋಡುತ್ತಿದ್ದಾರೆ, ಕೈಯಲ್ಲಿ ಏನಿದೆ, ಹಿನ್ನೆಲೆಯಲ್ಲಿ ಏನಿದೆ. ಅದಾದ ಮೇಲೆ, ಅದು ನಿಲ್ಲಬೇಕಾದ ಸ್ಥಾನದ ಪ್ರಶ್ನೆಯನ್ನು ಓದಿ, ಚಿತ್ರದ ಯಾವ ಭಾಗ ನಿಮ್ಮ ನೆನಪಿನ ಯಾವ ವಸ್ತುವನ್ನು ಮುಟ್ಟಿತು ಎಂಬುದನ್ನು ಬರೆಯಿರಿ. ಫೈವ್ ಆಫ್ ಕಪ್ಸ್ ಕಾರ್ಡಿನಲ್ಲಿ ಕಪ್ಪು ನಿಲುವಂಗಿಯವನ ಮುಂದೆ ಮೂರು ಬಟ್ಟಲು ಉರುಳಿವೆ, ಬೆನ್ನ ಹಿಂದೆ ಎರಡು ನಿಂತೇ ಇವೆ, ದೂರದಲ್ಲಿ ಹೊಳೆಗೆ ಸೇತುವೆಯಿದೆ. ಒಬ್ಬರ ಕಣ್ಣು ಚೆಲ್ಲಿದ ಬಟ್ಟಲಿಗೆ ಹೋದರೆ ಇನ್ನೊಬ್ಬರ ಕಣ್ಣು ಸೇತುವೆಗೆ ಹೋಗುತ್ತದೆ. ಮೊದಲು ಕಂಡದ್ದನ್ನೇ ಹಿಡಿದು ಮುಂದುವರಿಯಬೇಕು.

ವಿವರಣೆಗೆಂದು ಒಂದು ಉದಾಹರಣೆಯನ್ನು ಕಟ್ಟಿಕೊಳ್ಳೋಣ. ಶಿರಸಿಯ ಕಡೆಯ ಅಡಿಕೆ ತೋಟದ ಮನೆಯಿಂದ ಬಂದು ಬೆಂಗಳೂರಿನಲ್ಲಿ ನೌಕರಿ ಹಿಡಿದು, ಈಗ ಐವತ್ತು ದಾಟಿದ ಒಬ್ಬರು; ತೋಟವನ್ನು ತಮ್ಮ ನೋಡಿಕೊಂಡಿದ್ದಾನೆ. ಪ್ರಶ್ನೆ: "ತೋಟದಲ್ಲೇ ಉಳಿಯುವ ಬದುಕಿನಿಂದ ನಾನು ಬಯಸಿದ್ದೇನು?" ಕವಲಿಗೆ ಅವರು ಆರಿಸಿದ್ದು ಏಯ್ಟ್ ಆಫ್ ಕಪ್ಸ್: ಜೋಡಿಸಿಟ್ಟ ಎಂಟು ಬಟ್ಟಲುಗಳಿಗೆ ಬೆನ್ನು ಹಾಕಿ, ಕೋಲೂರಿಕೊಂಡು ಬೆಟ್ಟದ ಕಡೆಗೆ ನಡೆದಿರುವ ಕೆಂಪು ಹೊದಿಕೆಯ ಮನುಷ್ಯ. ಬಟ್ಟಲುಗಳ ಮೇಲಿನ ಸಾಲಿನಲ್ಲಿ ಒಂದರ ಜಾಗ ತೆರವಾಗಿದೆ ಎಂಬುದನ್ನು ಅವರು ಬರೆದುಕೊಂಡರು.

ಸೆಳೆತದ ಸ್ಥಾನಕ್ಕೆ ಬಂದದ್ದು ತ್ರೀ ಆಫ್ ಪೆಂಟಕಲ್ಸ್. ಮಠದ ಕಮಾನಿನಡಿ ಬೆಂಚಿನ ಮೇಲೆ ನಿಂತ ಶಿಲ್ಪಿ, ಅವನೆದುರು ನಕ್ಷೆ ಹಿಡಿದ ಇಬ್ಬರು; ಮಣ್ಣಾಗಲಿ ಮರವಾಗಲಿ ಚಿತ್ರದಲ್ಲಿಲ್ಲ. ಅದನ್ನು ನೋಡಿದಾಗ ಅವರಿಗೆ ನೆನಪಾದದ್ದು ತೋಟವಲ್ಲ, ಅಡಿಕೆ ಗೊನೆಗಳ ಕೊಯ್ಲಿನ ದಿನಗಳ ರಾತ್ರಿ: ಅಂಗಳದಲ್ಲಿ ಸಾಲಾಗಿ ಮೆಟ್ಟುಗತ್ತಿ ಹಾಕಿಕೊಂಡು ಅಕ್ಕಪಕ್ಕದ ಮನೆಯವರೆಲ್ಲ ಅಡಿಕೆ ಸುಲಿಯುತ್ತ, ಮಾತಾಡುತ್ತ ಕೂರುತ್ತಿದ್ದದ್ದು. ಅವರು ಕಳೆದುಕೊಂಡೆ ಎಂದು ಕೊರಗುತ್ತಿದ್ದದ್ದು ನೆಲವನ್ನಲ್ಲ, ಹತ್ತು ಜನ ಕೂಡಿ ಮಾಡುವ ಕೆಲಸವನ್ನು. ಕಷ್ಟದ ಸ್ಥಾನಕ್ಕೆ ಟೆನ್ ಆಫ್ ವಾಂಡ್ಸ್ ಬಂತು. ಹತ್ತು ದಂಡಗಳ ಹೊರೆಯಲ್ಲಿ ಮುಖ ಮುಚ್ಚಿಹೋಗಿ ಬಾಗಿ ನಡೆಯುತ್ತಿರುವವನು. ಮಳೆಗಾಲದ ಕೊಳೆರೋಗ, ಬಿಸಿಲು ಬಿದ್ದ ಹೊತ್ತು ನೋಡಿ ಬೋರ್ಡೋ ದ್ರಾವಣ ಹೊಡೆಸಬೇಕಾದ ಧಾವಂತ, ಸಮಯಕ್ಕೆ ಸಿಗದ ಕೊನೆಗೌಡರು (ಮರ ಹತ್ತಿ ಗೊನೆ ಇಳಿಸುವವರು), ಮಂಗಗಳ ಕಾಟ: ಫೋನಿನಲ್ಲಿ ತಮ್ಮ ಹೇಳುತ್ತಲೇ ಬಂದಿದ್ದ, ತಾವು ಅರ್ಧ ಕಿವಿಯಲ್ಲಿ ಕೇಳುತ್ತಿದ್ದ ಮಾತುಗಳನ್ನು ಅವರು ಮೊದಲ ಬಾರಿಗೆ ಒಂದು ಹಾಳೆಯ ಮೇಲೆ ಒಟ್ಟಿಗೆ ಬರೆದರು.

ತಡೆದದ್ದರ ಜಾಗದಲ್ಲಿ ಫೋರ್ ಆಫ್ ಪೆಂಟಕಲ್ಸ್: ಕಿರೀಟದ ಮೇಲೊಂದು, ಎದೆಗವಚಿಕೊಂಡದ್ದೊಂದು, ಕಾಲಡಿಯಲ್ಲಿ ಎರಡು ನಾಣ್ಯ, ಬೆನ್ನ ಹಿಂದೆ ಪಟ್ಟಣ. ತಮ್ಮನ್ನು ಊರು ಬಿಡಿಸಿದ್ದು ಮಹತ್ವಾಕಾಂಕ್ಷೆ ಎಂದು ಅವರು ನಂಬಿದ್ದರು. ಚಿತ್ರದ ಮುಂದೆ ಅವರು ಬರೆದ ಪದ "ಹೆದರಿಕೆ", ಅಡಿಕೆಯ ದರ ಬಿದ್ದ ವರ್ಷ ಅಪ್ಪನ ಮುಖ ನೋಡಿ ಹುಟ್ಟಿದ ಹೆದರಿಕೆ. ಹಿಡಿದ ದಾರಿ ಕೊಟ್ಟದ್ದಕ್ಕೆ ದಿ ಮೂನ್ ಬಂತು. ನಾಯಿ, ತೋಳ, ನೀರಿನಿಂದೆದ್ದು ಬರುವ ಜಲಚರ, ಎರಡು ಗೋಪುರಗಳ ನಡುವೆ ಹಾದುಹೋಗುವ ದಾರಿ. ಏನೂ ಹೊಳೆಯಲಿಲ್ಲ. ಹೀಗಾದಾಗ ಖಾಲಿ ಬಿಡಬೇಕು. ಬಲವಂತವಾಗಿ ಅರ್ಥ ತುಂಬಿಸುವುದೂ, ಇನ್ನೊಂದು ಕಾರ್ಡು ಎಳೆಯುವುದೂ ಕೂಡದು. ಕೊನೆಯ ಸ್ಥಾನಕ್ಕೆ ಬಂದ ಸಿಕ್ಸ್ ಆಫ್ ಪೆಂಟಕಲ್ಸ್ ಕಾರ್ಡಿನಲ್ಲಿ ವರ್ತಕನೊಬ್ಬ ಒಂದು ಕೈಯಲ್ಲಿ ತಕ್ಕಡಿ ಹಿಡಿದು, ಮಂಡಿಯೂರಿದ ಇಬ್ಬರಿಗೆ ನಾಣ್ಯ ಕೊಡುತ್ತಿದ್ದಾನೆ. ಪ್ರತಿ ಹಬ್ಬಕ್ಕೂ ಊರಿಗೆ ಹಣ ಕಳಿಸುತ್ತಿದ್ದ ತಾವು ಕೊಡುವವರ ಜಾಗದಲ್ಲಿದ್ದೇವೆ ಎಂಬುದು ಅವರ ಎಣಿಕೆಯಾಗಿತ್ತು. ಅಪ್ಪ ಅಮ್ಮನನ್ನು ಕೊನೆಯವರೆಗೂ ನೋಡಿಕೊಂಡವನು ತಮ್ಮ ಎಂಬುದನ್ನು ತಕ್ಕಡಿಯ ಇನ್ನೊಂದು ತಟ್ಟೆಗೆ ಹಾಕಿ ನೋಡಿದಾಗ ಆ ಎಣಿಕೆ ನಿಲ್ಲಲಿಲ್ಲ. ಈ ಬಾರಿ ಕೊಯ್ಲಿನ ಹೊತ್ತಿಗೆ ಒಂದು ವಾರ ರಜೆ ಹಾಕಿ ಹೋಗಿ ಸುಲಿಯಲು ಕೂರುವುದು, ಅದಕ್ಕಿಂತ ಮೊದಲು ತಮ್ಮನಿಗೆ ಫೋನು ಮಾಡಿ "ನಾನು ಬಂದರೆ ನಿನಗೆ ಅನುಕೂಲವೋ, ತೊಂದರೆಯೋ?" ಎಂದು ಕೇಳುವುದು: ಅವರ ಹಾಳೆಯ ಕೊನೆಯ ಸಾಲು ಇಷ್ಟೇ.

ಆ ಕೊನೆಯ ಸಾಲು ಹೀಗೆ ಸಣ್ಣದಾಗಿಯೇ ಇರಬೇಕು. ನೌಕರಿ ಬಿಡುವುದು, ಜಮೀನು ಕೊಳ್ಳುವುದು, ಹಳೆಯ ಪ್ರೇಮಿಗೆ ಪತ್ರ ಬರೆಯುವುದು, ಇಂಥ ನಿರ್ಧಾರವನ್ನು ಕಾರ್ಡು ಹಾಕಿದ ದಿನ ಕೈಗೊಳ್ಳಬೇಡಿ. ಒಂದೆರಡು ವಾರಗಳಲ್ಲಿ, ಹೆಚ್ಚು ಖರ್ಚಿಲ್ಲದೆ, ಯಾರಿಗೂ ನೋವಾಗದಂತೆ ಮಾಡಬಹುದಾದ ಒಂದು ಕೆಲಸ ಸಾಕು.

ಕೆಲವು ಸಂದರ್ಭಗಳಲ್ಲಿ ಈ ಕ್ರಮವನ್ನು ಬಳಸಲೇಬಾರದು. ಹತ್ತಿರದವರ ಸಾವಿನ ನಂತರ "ಅಂದು ಬೇಗ ಆಸ್ಪತ್ರೆಗೆ ಕರೆದೊಯ್ದಿದ್ದರೆ" ಎಂದು ಕೊರೆಯುವ ಪ್ರಶ್ನೆಗೆ ಕಾರ್ಡು ಹಾಕುವುದು ಗಾಯವನ್ನು ಕೆದಕಿದಂತೆ. ಆ ಮಾತನ್ನು ಕೇಳಲು ಮನುಷ್ಯರು ಬೇಕು. ನಿದ್ದೆ ಊಟ ತಪ್ಪಿ, ಬದುಕೇ ಬೇಡವೆನಿಸುತ್ತಿದ್ದರೆ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಕರೆ ಮಾಡಿ. ಅದು ಉಚಿತ, ಹಗಲುರಾತ್ರಿ ಲಭ್ಯ, ಕನ್ನಡದಲ್ಲೂ ಮಾತಾಡಬಹುದು. ಸಂಗಾತಿಯೊಡನೆ ಜಗಳವಾದ ರಾತ್ರಿಯೂ ಬೇಡ. ಆಗ ಬಿಟ್ಟ ದಾರಿ ಯಾವುದೇ ಇರಲಿ, ಚಿನ್ನದಂತೆಯೇ ಕಾಣುತ್ತದೆ.

ಎಲ್ಲ ಮುಗಿದ ಮೇಲೆ ಪುಸ್ತಿಕೆ ತೆರೆದು ಅರ್ಥಗಳನ್ನು ಓದಿ. ನಿಮ್ಮ ಬರವಣಿಗೆಗೂ ಅದಕ್ಕೂ ತಾಳೆಯಾಗದಿದ್ದರೆ ನಿಮ್ಮದನ್ನೇ ಉಳಿಸಿಕೊಳ್ಳಿ. ಆರು ಕಾರ್ಡುಗಳ ಒಂದು ಫೋಟೋ ತೆಗೆದು, ಹಾಳೆಗೆ ತಾರೀಖು ಹಾಕಿ ಒಟ್ಟಿಗೆ ಇಡಿ. ಅದೇ ಕವಲಿಗೆ ಮತ್ತೆ ಕಾರ್ಡು ಹಾಕುವುದಿದ್ದರೆ, ಕೊನೆಯ ಸಾಲಿನಲ್ಲಿ ಬರೆದ ಕೆಲಸ ಮುಗಿದ ನಂತರವೇ ಹಾಕಿ. ಆಗ ಮೊದಲ ಕಾರ್ಡನ್ನು ಹಳೆಯದನ್ನು ನೋಡದೆ ಹೊಸದಾಗಿ ಆರಿಸಿ, ಬಳಿಕ ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸಿ. ಖಾಲಿ ಬಿಟ್ಟ ಸ್ಥಾನವೇನಾದರೂ ಇದ್ದರೆ ಆ ಫೋಟೋವನ್ನು ಆಗ ಇನ್ನೊಮ್ಮೆ ನೋಡಿ, ಹೊಳೆದದ್ದನ್ನು ಬೇರೆ ಬಣ್ಣದ ಶಾಯಿಯಲ್ಲಿ ಸೇರಿಸಬಹುದು.