ನೀರಾ ಕಾಲುವೆ ಏರಿ ಮೇಲೆ ಮೂರು ದಿನ ಸೈಕಲ್: ಕಾಲಿಗಿಂತ ಮೊದಲು ಟ್ಯೂಬ್ ನೋಡಿಕೊಳ್ಳಿ

ಪುಣೆಯಿಂದ ನೀರಾ ಎಡದಂಡೆ ಕಾಲುವೆಗೆ ಇಲ್ಲಿವರೆಗೆ ನಾಲ್ಕು ತಂಡ ಕರೆದುಕೊಂಡು ಹೋಗಿದ್ದೇನೆ. ಎಲ್ಲರೂ ಕೊಥ್ರೂಡ್, ವಾರ್ಜೆ ಕಡೆಯ ನಮ್ಮ ಕನ್ನಡದವರೇ. ಹೊರಡುವ ಎರಡು ತಿಂಗಳು ಮೊದಲೇ ಭಾನುವಾರ ಭಾನುವಾರ ಸಿಂಹಗಡ ಹತ್ತಿ ಕಾಲು ಗಟ್ಟಿ ಮಾಡಿಕೊಳ್ಳುತ್ತಾರೆ. ಕಾಲು ಸೋತು ಅರ್ಧಕ್ಕೆ ವಾಪಸ್ ಬಂದವರು ಒಬ್ಬರೂ ಇಲ್ಲ. ಬಂದವರೆಲ್ಲ ಪಂಕ್ಚರ್‌ನಿಂದ ಬಂದವರು. ಪಂಕ್ಚರ್ ಆಗಿದ್ದಕ್ಕೂ ಅಲ್ಲ, ಅದನ್ನು ಸರಿಯಾಗಿ ಹಾಕಲು ಬರದೆ. ಹಾಗಾಗಿ ಈ ಲೇಖನದಲ್ಲಿ ಅರ್ಧ ಪ್ರವಾಸ, ಅರ್ಧ ಪಂಕ್ಚರ್ ಅಂದುಕೊಳ್ಳಿ.

ಈ ಕಾಲುವೆಯೇ ಏಕೆ? ಪುಣೆಯೊಳಗೇ ಮುಠಾ ಬಲದಂಡೆ ಕಾಲುವೆ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಖಡಕವಾಸಲಾದಿಂದ ಹೊರಟು ಪರ್ವತಿ, ಸ್ವಾರ್ಗೇಟ್, ಹಡಪಸರ್ ದಾಟಿ ಹೋಗುವ ಅದು ಬೆಳಗಿನ ವಾಕಿಂಗಿಗೆ ಚೆಂದ, ಸೈಕಲ್ ಪ್ರವಾಸಕ್ಕಲ್ಲ. ಹತ್ತು ನಿಮಿಷಕ್ಕೊಂದು ಸಿಗ್ನಲ್. ನೀರಾ ಕಾಲುವೆಯ ಕಥೆ ಬೇರೆ. ನಮ್ಮ ಹಿರಿಯರು ಧಾತು–ಈಶ್ವರ ಬರ ಎನ್ನುತ್ತಿದ್ದರಲ್ಲ, 1876–78ರ ಆ ಬರ ಈ ಕಡೆಯನ್ನೂ ಸುಟ್ಟುಹಾಕಿತ್ತು. ಅದರ ನಂತರ, 1880ರ ದಶಕದಲ್ಲಿ, ಮತ್ತೆ ಹಾಗಾಗಬಾರದು ಎಂದು ಬ್ರಿಟಿಷರು ಈ ಕಾಲುವೆ ತೋಡಿಸಿದರು. ಭೋರ್ ಹತ್ತಿರದ ಭಾಟಘರ್ ಕೆರೆಯಲ್ಲಿ ನೀರು ಹಿಡಿದು, ವೀರ್ ಬಳಿ ಕಾಲುವೆಗೆ ತಿರುಗಿಸಿ, ಬಾರಾಮತಿ, ಇಂದಾಪುರದವರೆಗೆ ಹರಿಸಿದರು. ಒಣನೆಲಕ್ಕೆ ಕಬ್ಬು ಬಂತು, ಕಬ್ಬಿನ ಹಿಂದೆ ಸಕ್ಕರೆ ಕಾರ್ಖಾನೆಗಳು ಬಂದವು.

ಸೈಕಲ್ಲಿನವರಿಗೆ ಮುಖ್ಯವಾದದ್ದು ಇನ್ನೊಂದಿದೆ. ಕಾಲುವೆಯನ್ನು ನೆಲದ ಮಟ್ಟ ನೋಡಿಕೊಂಡು ತೋಡಿರುತ್ತಾರೆ. ನೀರು ತಾನಾಗಿ ಹರಿಯುವಷ್ಟೇ ಇಳಿಜಾರು, ಕಣ್ಣಿಗೆ ಕಾಣದಷ್ಟು. ಗುಡ್ಡ ಅಡ್ಡ ಬಂದರೆ ಕಾಲುವೆ ಹತ್ತುವುದಿಲ್ಲ, ಸುತ್ತಿಕೊಂಡು ಹೋಗುತ್ತದೆ. ಏರಿ ಮೇಲೆ ಹೋಗುವ ನಿಮಗೂ ಹತ್ತುವ ಕೆಲಸವಿಲ್ಲ. ದೂರ ಮಾತ್ರ ಜಾಸ್ತಿ ಆಗುತ್ತದೆ.

ಹಂತ 1: ಕಾಲ ಮತ್ತು ಸೈಕಲ್

ನವೆಂಬರ್ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ ಹೋಗಿ. ಮಳೆಗಾಲದಲ್ಲಿ ಏರಿ ಮೇಲಿನ ಕಪ್ಪು ಮಣ್ಣು ಚಕ್ರಕ್ಕೆ ಮೆತ್ತಿಕೊಂಡು ಚಕ್ರವೇ ತಿರುಗುವುದಿಲ್ಲ. ಮಾರ್ಚ್ ನಂತರ ಬಿಸಿಲು.

ಸೈಕಲ್ ಯಾವುದಾದರೂ ನಡೆಯುತ್ತದೆ, ತೆಳು ಟೈರಿನ ರೋಡ್ ಬೈಕ್ ಒಂದನ್ನು ಬಿಟ್ಟು. ಸಸ್ಪೆನ್ಷನ್ ಬೇಡ, ಅದು ಸುಮ್ನೆ ಭಾರ. ಟೈರ್ ಅಗಲ ಇರಲಿ, 38 ಮಿಲಿಮೀಟರಿಗಿಂತ ಕಡಿಮೆ ಬೇಡ. ಟ್ಯೂಬಿನ ವಾಲ್ವ್ ಮೋಟರ್ ಸೈಕಲ್ಲಿನ ತರಹದ್ದಿದ್ದರೆ ಒಳ್ಳೆಯದು, ಹಳ್ಳಿಯ ಯಾವ ಅಂಗಡಿಯಲ್ಲಾದರೂ ಗಾಳಿ ಸಿಗುತ್ತದೆ. ಆದರೆ ಕಂಪ್ರೆಸರ್ ಪೈಪನ್ನು ಹುಡುಗನ ಕೈಗೆ ಬಿಟ್ಟು ಚಹಾ ಕುಡಿಯಲು ಹೋಗಬೇಡಿ. ಲಾರಿ ಟೈರಿಗೆ ಹಿಡಿದ ಹಾಗೆ ಹಿಡಿದರೆ ಸೈಕಲ್ ಟ್ಯೂಬ್ ಢಮ್ ಎನ್ನುತ್ತದೆ.

ಹಂತ 2: ಸಾಮಾನು

ಎರಡು ಜೊತೆ ಬಟ್ಟೆ, ಒಂದು ಸ್ವೆಟರ್, ಸೈಕಲ್ ದೀಪ, ಮೂರು ಲೀಟರ್ ನೀರು. ಮನೆಯಿಂದ ಶೇಂಗಾ ಹೋಳಿಗೆ ಕಟ್ಟಿಸಿಕೊಳ್ಳಿ. ಅಂಗಡಿಯ ಎನರ್ಜಿ ಬಾರ್‌ಗಿಂತ ಅಗ್ಗ, ರುಚಿ ಜಾಸ್ತಿ, ನಾಲ್ಕು ದಿನ ಕೆಡುವುದಿಲ್ಲ. ಬೆನ್ನಿಗೆ ಚೀಲ ಹಾಕಿಕೊಳ್ಳಬೇಡಿ, ಎಲ್ಲ ಭಾರವೂ ಕ್ಯಾರಿಯರ್ ಮೇಲಿರಲಿ.

ಇನ್ನು ರಿಪೇರಿ ಚೀಲ. ಎರಡು ಹೊಸ ಟ್ಯೂಬ್, ಹತ್ತು ಪ್ಯಾಚ್, ಸ್ಯಾಂಡ್‌ಪೇಪರ್, ಮೂರು ಟೈರ್ ಲಿವರ್, ಪಂಪ್, ಬಾಲ್‌ಪೆನ್, ಸಣ್ಣ ಚಿಮಟ, ಒಂದು ಹಳೆ ಹತ್ತಿ ಕಾಲುಚೀಲ. ಪ್ಯಾಚ್ ಅಂಟಿಸುವ ಸೊಲ್ಯೂಷನ್ ಟ್ಯೂಬ್ ಸೀಲ್ ಒಡೆಯದ್ದೇ ಇರಲಿ. ಒಮ್ಮೆ ಒಡೆದದ್ದು ಮೂಲೆಯಲ್ಲಿ ಬಿದ್ದು ಒಣಗಿರುತ್ತದೆ, ಬೇಕಾದಾಗ ಹಿಸುಕಿದರೆ ಗಾಳಿ ಬಿಟ್ಟು ಬೇರೇನೂ ಬರುವುದಿಲ್ಲ. ಸೊಲ್ಯೂಷನ್ನೇ ಬೇಡದ, ಸ್ಟಿಕ್ಕರ್ ತರಹ ಅಂಟಿಸುವ ಪ್ಯಾಚ್ ಸಿಗುತ್ತವೆ. ತರಬೇಡಿ. ನಮ್ಮ ತಂಡದಲ್ಲಿ ಮೂರು ಜನ ಬೇರೆ ಬೇರೆ ಕಂಪನಿಯವನ್ನು ತಂದಿದ್ದರು. ಮಧ್ಯಾಹ್ನದ ಬಿಸಿಗೆ ಮೂರೂ ಜಾರಿದವು.

ಹಂತ 3: ಮೊದಲ ದಿನ, ಪುಣೆಯಿಂದ ಜೆಜುರಿ

ಸುಮಾರು 50 ಕಿಲೋಮೀಟರ್, ಪೂರ್ತಿ ಡಾಂಬರು. ಬೆಳಿಗ್ಗೆ ಐದಕ್ಕೇ ಹೊರಟು, ಲಾರಿಗಳು ಏಳುವ ಮೊದಲೇ ದಿವೇ ಘಾಟ್ ಹತ್ತಿಬಿಡಿ. ಸಾಸವಡದಲ್ಲಿ ತಿಂಡಿ, ಮಧ್ಯಾಹ್ನಕ್ಕೆ ಜೆಜುರಿ. ಘಾಟ್ ಬೇಡ ಎನ್ನುವವರಿಗೆ ಪುಣೆ–ಮಿರಜ್ ರೈಲು ಮಾರ್ಗದಲ್ಲಿ ಜೆಜುರಿ, ನೀರಾ ಎರಡೂ ಸ್ಟೇಷನ್ ಇವೆ. ನನ್ನನ್ನು ಕೇಳಿದರೆ ಘಾಟ್ ಬಿಡಬೇಡಿ. ಇಡೀ ಪ್ರವಾಸದಲ್ಲಿ ಏರು ಎಂದು ಇರುವುದು ಅದೊಂದೇ.

ಜೆಜುರಿಯ ಖಂಡೋಬಾ ಅಂದರೆ ನಮ್ಮ ಮೈಲಾರಲಿಂಗನೇ. ಸಂಜೆ ಮೆಟ್ಟಿಲು ಹತ್ತಿ ಬನ್ನಿ, ಭಂಡಾರ, ಅಂದರೆ ಅರಿಶಿನ ಪುಡಿ, ಎರಚಿಸಿಕೊಳ್ಳಿ. ಬಿಳಿ ಅಂಗಿ ಬೇಡ.

ಹಂತ 4: ಕಾಲುವೆ ಹಿಡಿಯುವುದು

ಎರಡನೇ ದಿನ ಜೆಜುರಿಯಿಂದ ವಾಲ್ಹೆ ಮೇಲೆ ನೀರಾ ಊರಿಗೆ. ಇದು ಆಳಂದಿಯಿಂದ ಜ್ಞಾನೇಶ್ವರರ ಪಾಲಖಿ ಪಂಢರಪುರಕ್ಕೆ ಹೋಗುವ ದಾರಿಯೇ. ನೀರಾದಲ್ಲಿ ಪಾಲಖಿ ದಾರಿ ಬಿಟ್ಟು ಪೂರ್ವಕ್ಕೆ ತಿರುಗಿದರೆ ಕಾಲುವೆ ಸಿಗುತ್ತದೆ. ಮರುದಿನ ಬಾರಾಮತಿ ಆಚೆ ತುಕಾರಾಮರ ಪಾಲಖಿ ದಾರಿಯೂ ಸಿಗುತ್ತದೆ. ಎರಡು ಪಾಲಖಿ ದಾರಿಗಳ ನಡುವೆ ಗಂಟು ಹಾಕಿದ ಹಾಗೆ ಈ ಕಾಲುವೆ.

ಏರಿ ಮೇಲಿನ ದಾರಿ ನೀರಾವರಿ ಇಲಾಖೆಯವರು ತಪಾಸಣೆಗೆ ಓಡಾಡಲು ಮಾಡಿಕೊಂಡದ್ದು. ರೈತರೂ ಬಳಸುತ್ತಾರೆ. ಗೇಟು ಹಾಕಿದ್ದರೆ, ಬೇಡ ಎಂದರೆ, ವಾದ ಮಾಡದೆ ಇಳಿದುಬಿಡಿ. ನೀರಾ–ಬಾರಾಮತಿ ರಸ್ತೆ ಹತ್ತಿರದಲ್ಲೇ ಇರುತ್ತದೆ, ಮುಂದಿನ ಸೇತುವೆಯಲ್ಲಿ ಮತ್ತೆ ಏರಿ ಹತ್ತಬಹುದು. ಸೋಮೇಶ್ವರನಗರ, ವಡಗಾಂವ ನಿಂಬಾಳ್ಕರ್, ಮಾಳೆಗಾಂವ, ಆಮೇಲೆ ಬಾರಾಮತಿ. ರಸ್ತೆಯಲ್ಲಿ ನಲವತ್ತು ಕಿಲೋಮೀಟರ್ ಆಸುಪಾಸು. ಏರಿ ಮೇಲೆ ಇನ್ನೂ ಹತ್ತು ಹದಿನೈದು ಸೇರಿಸಿಕೊಳ್ಳಿ.

ಕಾಲುವೆಗೆ ಇಳಿಯಬೇಡಿ. ಮುಖ ತೊಳೆಯಲೂ ಬೇಡ. ದಡ ಇಳಿಜಾರು, ಪಾಚಿ ಕಟ್ಟಿರುತ್ತದೆ, ನೀರು ನಿಂತ ಹಾಗೆ ಕಂಡರೂ ಜೋರಾಗಿ ಹೋಗುತ್ತಿರುತ್ತದೆ. ಜಾರಿದರೆ ಹಿಡಿದು ಹತ್ತಲು ಏನೂ ಸಿಗುವುದಿಲ್ಲ. ಈಜು ಬರುವವರಿಗೇ ಈ ಮಾತು ಮೊದಲು.

ಹಂತ 5: ಮುಳ್ಳು

ಏರಿ ಮೇಲೆ ಎರಡು ಬಗೆಯ ಮುಳ್ಳು. ಒಂದು ಬಳ್ಳಾರಿ ಜಾಲಿ, ಇಲ್ಲಿಯವರು ವೇಡಿ ಬಾಭೂಳ ಎನ್ನುತ್ತಾರೆ. ಹೊಲಕ್ಕೆ ಬೇಲಿ ಹಾಕಲು ಕಡಿದು ಎಳೆದೊಯ್ಯುವಾಗ ದಾರಿ ತುಂಬ ಮುಳ್ಳು ಚೆಲ್ಲಿರುತ್ತದೆ. ಇದು ಉದ್ದ, ಕಣ್ಣಿಗೆ ಕಾಣುತ್ತದೆ. ಇನ್ನೊಂದು ನೆಗ್ಗಿಲು, ಮರಾಠಿಯಲ್ಲಿ ಸರಾಟೆ. ಕಡಲೆಕಾಳಿನಷ್ಟು ಇರುತ್ತದೆ, ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ. ಮಳೆ ಮುಗಿದ ಮೇಲೆ ಬಳ್ಳಿ ಒಣಗಿ ಕಾಯಿ ಉದುರುತ್ತದೆ. ಅಂದರೆ ನಾವು ಹೋಗುವ ಕಾಲಕ್ಕೆ ಸರಿಯಾಗಿ. ಅದು ಬೆಳೆಯುವುದು ದಾರಿಯ ಅಂಚಿನಲ್ಲಿ ಮತ್ತು ನಡುವಿನ ಹುಲ್ಲುಪಟ್ಟಿಯಲ್ಲಿ. ಟ್ರ್ಯಾಕ್ಟರ್ ಚಕ್ರದ ಜಾಡು ಬಿಟ್ಟು ಅತ್ತಿತ್ತ ಹೋಗಬೇಡಿ. ಫೋಟೋ ತೆಗೆಯಲು ಪಕ್ಕಕ್ಕೆ ಹೋಗುವಾಗ ಸೈಕಲ್ ಎತ್ತಿಕೊಂಡು ಹೋಗಿ.

ಟೈರಿನಲ್ಲಿ ಮುಳ್ಳು ಕಂಡ ಕೂಡಲೇ ಕೀಳಬೇಡಿ. ಗಾಳಿ ಇಳಿಯದಿದ್ದರೆ ಆ ಮುಳ್ಳೇ ಬಿರಡೆಯ ಕೆಲಸ ಮಾಡುತ್ತಿರಬಹುದು. ಪೆನ್ನಿನಿಂದ ಗುರುತು ಹಾಕಿ, ಸಂಜೆ ಲಾಡ್ಜಿನಲ್ಲಿ ನೋಡಿಕೊಳ್ಳಿ. ಗಾಳಿ ಇಳಿಯಿತೋ, ಅಲ್ಲೇ ನಿಲ್ಲಿ. ‘ಮುಂದಿನ ಊರ ತನಕ’ ಎಂದು ಹೋದರೆ ರಿಮ್ಮಿನ ಕೆಳಗೆ ಸಿಕ್ಕಿ ಟ್ಯೂಬ್ ಹರಿಯುತ್ತದೆ.

ಸೈಕಲ್ ತಲೆಕೆಳಗು ಮಾಡಿ. ಹಿಂದಿನ ಚಕ್ರವಾದರೆ ಚೈನನ್ನು ಮೊದಲೇ ಸಣ್ಣ ಹಲ್ಲಿಗೆ ತಂದುಕೊಳ್ಳಿ. ಪೂರ್ತಿ ಗಾಳಿ ಬಿಟ್ಟು, ಟೈರಿನ ಅಂಚನ್ನು ಸುತ್ತಲೂ ಹಿಸುಕಿ ರಿಮ್ಮಿನ ನಡುವಿನ ಹಳ್ಳಕ್ಕೆ ದೂಡಿ. ಅಷ್ಟು ಮಾಡಿದರೆ ಟೈರ್ ಸಡಿಲವಾಗುತ್ತದೆ, ಲಿವರ್ ಹೆಚ್ಚು ಬೇಕಾಗುವುದಿಲ್ಲ. ಒಂದು ಬದಿ ಮಾತ್ರ ಬಿಡಿಸಿ. ಸ್ಕ್ರೂಡ್ರೈವರ್ ಮುಟ್ಟಲೇಬೇಡಿ.

ಟ್ಯೂಬ್ ಹೊರಗೆ ಎಳೆಯುವಾಗ ವಾಲ್ವ್ ಟೈರಿನ ಯಾವ ಜಾಗದಲ್ಲಿತ್ತು ನೋಡಿಕೊಳ್ಳಿ. ನಾನು ಯಾವಾಗಲೂ ಟೈರಿನ ಮೇಲಿನ ಹೆಸರು ವಾಲ್ವಿನ ಎದುರಿಗೇ ಬರುವ ಹಾಗೆ ಹಾಕಿರುತ್ತೇನೆ. ಟ್ಯೂಬಿನಲ್ಲಿ ತೂತು ಎಲ್ಲಿ ಎಂದು ಗೊತ್ತಾದರೆ ಟೈರಿನಲ್ಲಿ ಮುಳ್ಳು ಎಲ್ಲಿ ಎಂದೂ ಗೊತ್ತಾಗುತ್ತದೆ.

ಟ್ಯೂಬಿಗೆ ಚೆನ್ನಾಗಿ ಗಾಳಿ ತುಂಬಿ, ಎರಡರಷ್ಟು ಉಬ್ಬಲಿ. ತುಟಿಯ ಹತ್ತಿರ ಹಿಡಿದು ತಿರುಗಿಸಿ. ಕಿವಿಗೆ ಕೇಳದ ಗಾಳಿ ಒದ್ದೆ ತುಟಿಗೆ ತಾಗುತ್ತದೆ. ಆಗಲೂ ಸಿಗದಿದ್ದರೆ ಊಟದ ಡಬ್ಬಿಯಲ್ಲಿ ಕುಡಿಯುವ ನೀರು ಹಾಕಿಕೊಂಡು ಸ್ವಲ್ಪ ಸ್ವಲ್ಪವೇ ಮುಳುಗಿಸಿ. ಒಂದು ತೂತು ಸಿಕ್ಕಿತು ಎಂದು ನಿಲ್ಲಿಸಬೇಡಿ. ನೆಗ್ಗಿಲಿಗೆ ಒಂದೇ ಮುಳ್ಳಲ್ಲ, ಪಕ್ಕದಲ್ಲೇ ಇನ್ನೊಂದು ತೂತು ಇರುತ್ತದೆ. ಬಾಲ್‌ಪೆನ್ನಿನಿಂದ ಪ್ಯಾಚಿಗಿಂತ ದೊಡ್ಡ ಕೂಡಿಸು ಗುರುತು ಹಾಕಿ. ಸಣ್ಣದು ಹಾಕಿದರೆ ಉಜ್ಜುವಾಗಲೇ ಅಳಿಸಿಹೋಗುತ್ತದೆ.

ಈಗ ಉಜ್ಜುವುದು. ಟ್ಯೂಬಿನ ಹೊಳಪು ಹೋಗಿ ಬೂದುಬಣ್ಣ ಬರಬೇಕು, ಪ್ಯಾಚಿಗಿಂತ ಅಗಲಕ್ಕೆ. ಟ್ಯೂಬಿನ ಮೇಲೆ ಉದ್ದಕ್ಕೆ ಒಂದು ಎದ್ದ ಗೆರೆ ಇರುತ್ತದಲ್ಲ, ಅದು ಅಲ್ಲಿದ್ದರೆ ಪೂರ್ತಿ ಸಮ ಮಾಡಿ, ಇಲ್ಲದಿದ್ದರೆ ಗಾಳಿ ಅದರ ಪಕ್ಕದಿಂದಲೇ ನುಸುಳುತ್ತದೆ. ಬಾಯಿಂದ ಊದಬೇಡಿ, ಬೆರಳಿನಿಂದ ಮುಟ್ಟಬೇಡಿ. ಒಣ ಬಟ್ಟೆಯಿಂದ ಒರೆಸಿ.

ಎಲ್ಲರೂ ಎಡವುವುದು ಇನ್ನು ಮುಂದೆ. ಸೊಲ್ಯೂಷನ್ ಎಂದರೆ ಗೋಂದಲ್ಲ. ಗೋಂದನ್ನು ಹಸಿ ಇರುವಾಗ ಅಂಟಿಸುತ್ತೇವೆ, ಇದನ್ನು ಒಣಗಿದ ಮೇಲೆ ಅಂಟಿಸಬೇಕು. ತೆಳ್ಳಗೆ ಬಳಿಯಿರಿ, ಆಮೇಲೆ ಐದು ನಿಮಿಷ ಸುಮ್ಮನಿರಿ. ಒದ್ದೆ ಹೊಳಪು ಹೋಗಬೇಕು. ಅಂಚಿನಲ್ಲಿ ಬೆರಳ ತುದಿ ತಾಗಿಸಿದರೆ ಎಳೆ ಬರಬಾರದು. ಹಸಿಯಲ್ಲೇ ಅಂಟಿಸಿದರೆ ಪ್ಯಾಚ್ ಕೂತ ಹಾಗೇ ಕಾಣುತ್ತದೆ, ಎರಡು ಕಿಲೋಮೀಟರಿಗೆ ಜಾರುತ್ತದೆ. ಆ ಐದು ನಿಮಿಷ ಕಾಯುವುದು ಎಷ್ಟು ಕಷ್ಟ ಎಂದು ಬಿಸಿಲಲ್ಲಿ ನಿಂತವರಿಗೇ ಗೊತ್ತು. ಒಂದು ಹೋಳಿಗೆ ತಿನ್ನಿ, ಸಮಯ ಸರಿಹೋಗುತ್ತದೆ.

ಪ್ಯಾಚಿನ ಬೆನ್ನಿನ ಹಾಳೆ ಕಿತ್ತು, ಅಂಟುವ ಬದಿಗೆ ಬೆರಳು ತಾಗದಂತೆ ಹಿಡಿದು, ಗುರುತಿನ ನಡುವೆ ಇಡಿ. ನಡುವಿನಿಂದ ಅಂಚಿಗೆ ಒತ್ತುತ್ತಾ ಬನ್ನಿ. ಲಿವರ್ ಹಿಂಬದಿಯಿಂದ ಎರಡು ನಿಮಿಷ ಉಜ್ಜಿ. ಮೇಲಿನ ಪ್ಲಾಸ್ಟಿಕ್ ಹಾಳೆ ಹಾಗೇ ಇರಲಿ. ಅದನ್ನು ಎಳೆಯಲು ಹೋಗಿ ಪ್ಯಾಚನ್ನೇ ಕಿತ್ತವರಿದ್ದಾರೆ. ಕೊನೆಗೆ ಏರಿಯ ಮೇಲಿನ ನುಣುಪು ದೂಳನ್ನೇ ಒಂದು ಚಿಟಿಕೆ ಸವರಿ, ಟೈರಿಗೆ ಅಂಟಿಕೊಳ್ಳುವುದಿಲ್ಲ.

ಇನ್ನೂ ಮುಗಿದಿಲ್ಲ. ಮುಳ್ಳು ಎಲ್ಲಿದೆ? ವಡಗಾಂವ ಹತ್ತಿರ ಒಮ್ಮೆ ನಾನು ಒಂದೇ ಗಂಟೆಯಲ್ಲಿ ಎರಡು ಟ್ಯೂಬ್ ಕಳೆದುಕೊಂಡು, ಸೈಕಲ್ ತಳ್ಳಿಕೊಂಡು ರಸ್ತೆಗೆ ಬಂದು, ಪಂಕ್ಚರ್ ಅಂಗಡಿ ಮುಂದೆ ನಿಂತೆ. ನನ್ನ ಮರಾಠಿ ಎರಡು ವಾಕ್ಯ ಕೇಳಿದ್ದೇ ಅಂಗಡಿಯಾತ ನಕ್ಕ. ‘ಯಾವ ಊರ್ರಿ ಸಾಹೇಬ್ರ? ನಮ್ದು ಇಂಡಿ ತಾಲೂಕ್ರಿ’ ಎಂದ. ಟ್ಯೂಬ್ ನೋಡಲೇ ಇಲ್ಲ. ಟೈರ್ ಒಳಗೆ ಹತ್ತಿ ಬಟ್ಟೆ ಆಡಿಸಿದ, ಅದು ಒಂದು ಕಡೆ ಸಿಕ್ಕಿಕೊಂಡಿತು. ಅಕ್ಕಿಯ ನುಚ್ಚಿನಷ್ಟು ಮುಳ್ಳಿನ ತುದಿಯನ್ನು ಚಿಮಟದಲ್ಲಿ ಹಿಡಿದು ತೋರಿಸಿದ. ‘ಮುಳ್ಳ ತಗೀದ ಟ್ಯೂಬ್ ಬದ್ಲಿ ಮಾಡಿದ್ರ ಏನ್ ಬಂತ್ರಿ?’

ಅಂದಿನಿಂದ ನನ್ನ ಚೀಲದಲ್ಲಿ ಹತ್ತಿ ಕಾಲುಚೀಲ. ಕೈಗೆ ಹಾಕಿಕೊಂಡು ಟೈರಿನ ಒಳಗೆ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಪೂರ್ತಿ ಸುತ್ತು ಆಡಿಸಿ. ಎಲ್ಲಿ ನೂಲು ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳು. ಬರಿ ಬೆರಳು ಆಡಿಸಿದರೆ ರಕ್ತ ಬರುತ್ತದೆ.

ಟ್ಯೂಬಿಗೆ ಸ್ವಲ್ಪ ಗಾಳಿ ಹಾಕಿ ದುಂಡಗಾದ ಮೇಲೆ ಒಳಗೆ ಕೂರಿಸಿ. ವಾಲ್ವಿನ ಎದುರು ಬದಿಯಿಂದ ಶುರು ಮಾಡಿ ವಾಲ್ವಿನ ಹತ್ತಿರ ಮುಗಿಸಿ. ಕೊನೆಯ ಗೇಣುದ್ದ ಬಿಗಿ ಇರುತ್ತದೆ. ಅಲ್ಲಿ ಲಿವರ್ ಹಾಕಿದರೆ ಹೊಸ ಪಂಕ್ಚರ್ ನೀವೇ ಮಾಡಿದ ಹಾಗೆ. ಹೆಬ್ಬೆರಳಿನಿಂದಲೇ ದೂಡಿ. ಅರ್ಧ ಗಾಳಿ ಹಾಕಿ, ಟ್ಯೂಬ್ ಎಲ್ಲೂ ಹೊರಗೆ ಇಣುಕುತ್ತಿಲ್ಲ ಎಂದು ಎರಡೂ ಬದಿ ನೋಡಿ, ಆಮೇಲೆ ಪೂರ್ತಿ.

ಮನೆಯಲ್ಲಿ ಇದನ್ನು ಎರಡು ಸಲ ಮಾಡಿ ನೋಡದೆ ಹೊರಡಬೇಡಿ.

ಹಂತ 6: ಮೂರನೇ ದಿನ ಮತ್ತು ವಾಪಸ್

ಬಾರಾಮತಿಯಿಂದ ಭವಾನಿನಗರ ಮೇಲೆ ಇಂದಾಪುರ, ರಸ್ತೆ ಲೆಕ್ಕದಲ್ಲಿ ಐವತ್ತು ಕಿಲೋಮೀಟರ್ ಆಸುಪಾಸು. ಕಬ್ಬು ನುರಿಸುವ ಕಾಲ, ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ಹಾಡು ಹಾಕಿಕೊಂಡು ಬರುತ್ತವೆ. ಚಾಲಕನಿಗೆ ನಿಮ್ಮ ಗಂಟೆ ಕೇಳುವುದಿಲ್ಲ, ಹಿಂದಿನ ಟ್ರಾಲಿ ಅತ್ತಿತ್ತ ಓಲಾಡುತ್ತದೆ. ಓವರ್‌ಟೇಕ್ ಬೇಡ. ಅದು ಹೋಗಲಿ, ನೀವು ರಸವಂತಿಯಲ್ಲಿ ನಿಂತು ಒಂದು ಗ್ಲಾಸ್ ಕಬ್ಬಿನ ಹಾಲು ಕುಡಿಯಿರಿ, ಐಸ್ ಇಲ್ಲದೆ.

ಒಂದು ದಿನ ಹೆಚ್ಚಿಗೆ ಇದ್ದರೆ ನೀರಾ ನರಸಿಂಗಪುರಕ್ಕೆ ಹೋಗಿ. ನೀರಾ ನದಿ ಭೀಮೆಗೆ ಸೇರುವುದು ಅಲ್ಲೇ. ಆ ಭೀಮೆಯೇ ಮುಂದೆ ನಮ್ಮ ವಿಜಯಪುರ, ಕಲಬುರಗಿ ಕಡೆಗೆ ಬರುವುದು. ಅಲ್ಲಿನ ನರಸಿಂಹ ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಕುಲದೇವರು.

ಇಂದಾಪುರದಿಂದ ಪುಣೆಗೆ ಬಸ್ಸು. ಸೈಕಲ್ ಹಾಕಿಕೊಳ್ಳುವುದು ಕಂಡಕ್ಟರ್ ಮರ್ಜಿ. ಜನ ಕಡಿಮೆ ಇರುವ ಮಧ್ಯಾಹ್ನದ ಬಸ್ಸಿಗೆ ನಿಲ್ಲಿ, ಚಕ್ರ ಬಿಚ್ಚಿ ಕಟ್ಟಿಟ್ಟುಕೊಂಡಿರಿ.

ಮನೆಗೆ ಬಂದ ರಾತ್ರಿಯೇ ಪೇಪರ್ ಹಾಸಿಕೊಂಡು ಎರಡೂ ಟೈರುಗಳಿಂದ ಮುಳ್ಳು ಹೆಕ್ಕಿ. ಹಾಗೇ ಬಿಟ್ಟರೆ ಸೋಮವಾರ ಆಫೀಸಿಗೆ ಹೊರಟಾಗ ಕರ್ವೆ ರಸ್ತೆಯಲ್ಲಿ ಗಾಳಿ ಇಳಿಯುತ್ತದೆ. ಕಳೆದ ಜನವರಿಯಲ್ಲಿ ನನ್ನ ಹಿಂದಿನ ಟೈರೊಂದರಲ್ಲೇ 11 ಸಿಕ್ಕಿದವು.