ಸಾಕ್ಷಿಗಳೇ ಸಿಗದ ವಿಲ್‌ಗೆ ಪ್ರೊಬೇಟ್: ನನ್ನ ಅನುಭವ

ಕಳೆದ ವರ್ಷದ ಕೊನೆಗೆ ನಮ್ಮ ಜಿಲ್ಲಾ ಕೋರ್ಟಿನಿಂದ ಒಂದು ಪ್ರೊಬೇಟ್, ಅಂದರೆ ವಿಲ್ ನಿಜ ಅಂತ ಕೋರ್ಟು ಕೊಡುವ ಪ್ರಮಾಣಪತ್ರ, ಕೈಗೆ ಬಂತು. ವಿಲ್ 1996ರದ್ದು. ಬಿಳಿ ಹಾಳೆ, ಕೈಬರಹ, ರಿಜಿಸ್ಟರ್ ಆಗಿಲ್ಲ. ಸಾಕ್ಷಿ ಹಾಕಿದ ಇಬ್ಬರಲ್ಲಿ ಒಬ್ಬರು ತೀರಿಕೊಂಡಿದ್ದರು. ಇನ್ನೊಬ್ಬರು ಎಲ್ಲಿದ್ದಾರೆ ಅಂತ ಯಾರಿಗೂ ಗೊತ್ತಿರಲಿಲ್ಲ. ವಕೀಲರ ಸಂಘದ ಕೊಠಡಿಯಲ್ಲಿ ಫೈಲು ತೋರಿಸಿದಾಗ ಹಿರಿಯರೊಬ್ಬರು, "ಇದು ಆಗೋ ಕೆಲಸ ಅಲ್ಲಪ್ಪ, ರಾಜಿ ಮಾಡಿಸಿಬಿಡು" ಅಂದಿದ್ದರು. ಈಗ ಅವರೇ ಆರ್ಡರಿನ ಜೆರಾಕ್ಸ್ ಇಸ್ಕೊಂಡು ಹೋಗಿದ್ದಾರೆ. ಪಕ್ಕದ ತಾಲ್ಲೂಕುಗಳ ವಕೀಲರೂ ಫೋನ್ ಮಾಡಿ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದೇ ಬಿಡುತ್ತೇನೆ.

ನನ್ನ ಕಕ್ಷಿದಾರರು ಮಲೆನಾಡಿನ ಅಡಿಕೆ ಬೆಳೆಗಾರರು. ವಿಲ್ ಬರೆದಿಟ್ಟವರು ಅವರ ಸೋದರಮಾವ. ಹೆಂಡತಿ ಮೊದಲೇ ತೀರಿಕೊಂಡಿದ್ದರು, ಮಕ್ಕಳಿಲ್ಲ, ಒಡಹುಟ್ಟಿದವರೂ ಉಳಿದಿರಲಿಲ್ಲ. ಎರಡೆಕರೆ ತೋಟ, ಪೇಟೆಯಲ್ಲೊಂದು ಮನೆ, ಬ್ಯಾಂಕಿನಲ್ಲಿ ಠೇವಣಿ. ಎಲ್ಲವೂ ಈ ಅಳಿಯನಿಗೆ, ವಿಲ್ ಜಾರಿ ಮಾಡಬೇಕಾದ ಎಕ್ಸಿಕ್ಯೂಟರೂ ಅವರೇ. ವಿಲ್ ಬಿದ್ದುಹೋದರೆ ಅಣ್ಣತಮ್ಮಂದಿರ ಮಕ್ಕಳಿಗೂ ತಂಗಿಯ ಮಗನಿಗೂ ಸಮಪಾಲು. ತಕರಾರು ಬಂದದ್ದು ಅದಕ್ಕೇ. ಆಸ್ತಿಯ ಖಾತೆ ಬದಲಾವಣೆಗೆ ಅರ್ಜಿ ಹಾಕಿದರೆ ಕಚೇರಿಯವರು "ಸಿವಿಲ್ ಕೋರ್ಟಿಗೆ ಹೋಗಿ" ಅಂದರು. ಬ್ಯಾಂಕಿನವರು ಪ್ರೊಬೇಟ್ ತನ್ನಿ ಅಂದರು.

ನಮ್ಮ ಕಡೆ ಪ್ರೊಬೇಟ್ ಕಡ್ಡಾಯ ಅಲ್ಲ ಅಂತ ನಮಗೆಲ್ಲ ಗೊತ್ತು. ಆಸ್ತಿ ನಮ್ಮದು ಅಂತ ಕೋರ್ಟಿನಿಂದ ಹೇಳಿಸುವ ಘೋಷಣೆ ದಾವಾ ಹಾಕು ಅಂತ ತುಂಬಾ ಜನ ಹೇಳಿದರು. ನಾನು ಬೇಕಂತಲೇ ಪ್ರೊಬೇಟ್ ಹಿಡಿದೆ. ದಾವಾ ಹಾಕಿದರೆ ತೋಟ ಪಿತ್ರಾರ್ಜಿತವೋ ಸ್ವಯಾರ್ಜಿತವೋ ಅನ್ನುವ ಜಗಳ ಮೊದಲ ದಿನವೇ ಶುರುವಾಗುತ್ತದೆ. ಪ್ರೊಬೇಟ್ ಕೋರ್ಟು ಹಕ್ಕಿನ ಪ್ರಶ್ನೆಗೆ ಕೈಹಾಕುವುದಿಲ್ಲ. ವಿಲ್ ನಿಜವೋ ಅಲ್ಲವೋ, ಅಷ್ಟೇ ನೋಡುತ್ತದೆ. ಎದುರಿನವರು ಹಳೇ ಪಹಣಿಗಳ ಕಟ್ಟು ಹಿಡಿದು ಬಂದಾಗಲೆಲ್ಲ ನಾನು ಈ ಒಂದೇ ಮಾತು ಹೇಳಿದೆ. ಅರ್ಧ ಜಗಳ ಅಲ್ಲೇ ಮುಗಿಯಿತು.

ಮೊದಲ ತಡೆ ಕೋರ್ಟಿನ ಆಫೀಸಿನಲ್ಲೇ. ಅರ್ಜಿಗೆ ಸಾಕ್ಷಿಯೊಬ್ಬರ ವೆರಿಫಿಕೇಷನ್ (ದೃಢೀಕರಣ) ಇಲ್ಲ ಅಂತ ಆಬ್ಜೆಕ್ಷನ್ ಹಾಕಿ ವಾಪಸ್ ಕೊಟ್ಟರು. ಉತ್ತರಾಧಿಕಾರ ಕಾಯ್ದೆಯ 281ನೇ ಕಲಂ ಪೂರ್ತಿ ಓದಿ. ಸಾಕ್ಷಿ ಸಿಗುವಂತಿದ್ದರೆ ಮಾತ್ರ ವೆರಿಫಿಕೇಷನ್ ಬೇಕು ಅಂತ ಅಲ್ಲೇ ಇದೆ. ಒಬ್ಬರ ಮರಣಪತ್ರ, ಇನ್ನೊಬ್ಬರನ್ನು ಹುಡುಕಿದ ಬಗ್ಗೆ ಅಫಿಡವಿಟ್ ಸೇರಿಸಿ ಮತ್ತೆ ಕೊಟ್ಟೆ. ನಂಬರ್ ಆಯಿತು. ತಕರಾರು ಬಂದ ಮೇಲೆ ಪ್ರೊಬೇಟ್ ಅರ್ಜಿಯ ಪಿ ಅಂಡ್ ಎಸ್‌ಸಿ ಕೇಸು ದಾವಾ ರೂಪಕ್ಕೆ ತಿರುಗಿತು. ಅದು ಮಾಮೂಲು.

ಇನ್ನು ಸಾಕ್ಷ್ಯ. ಸಾಕ್ಷಿ ಹಾಕಿದವರು ಯಾರೂ ಸಿಗದಾಗ ಏನು ಮಾಡಬೇಕು ಅಂತ ಹೇಳುವ ಎವಿಡೆನ್ಸ್ ಆಕ್ಟಿನ 69ನೇ ಕಲಂ ಬಿಟ್ಟರೆ ದಾರಿ ಇರಲಿಲ್ಲ. ಈಗಿನ ಸಾಕ್ಷ್ಯ ಅಧಿನಿಯಮದಲ್ಲಿ ಅದು 68. ನಮ್ಮ ಕೇಸು 2022ರದ್ದು, ಹಾಗಾಗಿ ಹಳೇ ಕಾಯ್ದೆಯಲ್ಲೇ ನಡೆಯಿತು. ಸಾಕ್ಷಿಗಳು ಸಿಗುವುದಿಲ್ಲ ಅಂತ ಮೊದಲು ತೋರಿಸಬೇಕು. ಆಮೇಲೆ ಒಬ್ಬ ಸಾಕ್ಷಿಯ ಸಹಿ ಅವರದೇ, ವಿಲ್ ಮಾಡಿದವರ ಸಹಿಯೂ ಅವರದೇ ಅಂತ ರುಜುವಾತು ಮಾಡಬೇಕು. 30 ವರ್ಷ ಆಗುವವರೆಗೆ ಎಳೆದರೆ ಹಳೇ ದಾಖಲೆ ಅಂತ ಸಹಿ ಒಪ್ಪಿಕೊಳ್ಳುತ್ತಾರೆ ಅಂತ ಒಬ್ಬರು ಸಲಹೆ ಕೊಟ್ಟರು. ವಿಲ್‌ಗೆ ಅದು ನಡೆಯಲ್ಲ. 2023ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಹೇಳಿದೆ. ಸುಮ್ನೆ ಕಾಯಬೇಡಿ.

ಎರಡನೇ ಸಾಕ್ಷಿ ಜಮೀನು ಮಾರಿ ಮುಂಬೈ ಕಡೆ ಹೋಟೆಲ್ ಕೆಲಸಕ್ಕೆ ಹೋಗಿದ್ದರು. ಹಳೇ ವಿಳಾಸಕ್ಕೆ ಸಮನ್ಸ್ ತೆಗೆಸಿದೆ, ಅದನ್ನು ತಲುಪಿಸುವ ಕೋರ್ಟಿನ ಅಮೀನರು ಷರಾ ಬರೆದು ವಾಪಸ್ ತಂದರು. ಮುಂಬೈಯಲ್ಲಿ ಸಿಕ್ಕ ಒಂದು ವಿಳಾಸಕ್ಕೂ ತೆಗೆಸಿದೆ, ಅದೂ ವಾಪಸ್. ಈ ವಾಪಸಾದ ಸಮನ್ಸ್‌ಗಳೇ ನಮ್ಮ ಬಂಡವಾಳ. "ಸಿಗಲಿಲ್ಲ" ಅಂತ ಬಾಯಿಮಾತಿನಲ್ಲಿ ಹೇಳಿದರೆ ಯಾವ ಜಡ್ಜೂ ಒಪ್ಪಲ್ಲ.

ತೀರಿಕೊಂಡ ಸಾಕ್ಷಿ ಊರಿನ ಶಾಲೆಯ ಹೆಡ್ ಮೇಷ್ಟ್ರು. ಅವರ ಸಹಿಯನ್ನು ತಜ್ಞರ ಹತ್ತಿರ ಕಳಿಸಿದ್ದು ಫಲ ಕೊಡಲಿಲ್ಲ. ಮನೆಯವರು ಕೊಟ್ಟ ಮಾದರಿ ಸಹಿಗಳು ಅವರ ಕೊನೆಗಾಲದವು, ಕೈ ನಡುಗುತ್ತಿದ್ದ ಕಾಲದವು. ಅದೇ ಕಾಲದ ಸಹಿ ಬೇಕು ಅಂತ ಲ್ಯಾಬಿನವರು ಫೈಲು ವಾಪಸ್ ಕಳಿಸಿದರು. ಕಮಿಷನರ್ ಫೀ, ಲ್ಯಾಬ್ ಫೀ, ಓಡಾಟ ಸೇರಿ 25 ಸಾವಿರದ ಹತ್ತಿರ ಹೋಯಿತು. ಆರೇಳು ತಿಂಗಳೂ ಹೋಯಿತು. ಕಕ್ಷಿದಾರರು "ವಕೀಲ್ರೇ, ಬಿಟ್ಟುಬಿಡೋಣ್ವಾ?" ಅಂತ ಕೇಳಿದ್ದು ಆಗಲೇ.

ಆಗ ಹೊಳೆದದ್ದು ಟಿಸಿ. ಆ ಊರಿನಲ್ಲಿ 40 ದಾಟಿದ ಹೆಚ್ಚುಕಡಿಮೆ ಎಲ್ಲರ ಟಿಸಿ ಮೇಲೂ ಮೇಷ್ಟ್ರ ಸಹಿ ಇತ್ತು! ಮನೆಮನೆಗೆ ಹೋಗಿ ಟ್ರಂಕು ತೆಗೆಸಿದೆವು. 1994ರಿಂದ 98ರವರೆಗಿನ ಅಸಲು ಟಿಸಿಗಳು ಡಜನ್‌ಗಿಂತ ಜಾಸ್ತಿ ಸಿಕ್ಕವು. ಎಲ್ಲದರಲ್ಲೂ ಹೆಸರಿನ ಕೊನೆಯ ಅಕ್ಷರದ ಬಾಲ ಎಡಕ್ಕೆ ಎಳೆದಿದೆ, ಕೆಳಗೆ ಎರಡು ಚುಕ್ಕಿ. ತಾರೀಖಿನಲ್ಲಿ 7 ಬಂದರೆ ನಡುವೆ ಒಂದು ಅಡ್ಡಗೆರೆ. ವಿಲ್‌ನ ತಾರೀಖಿನಲ್ಲೂ 7 ಇತ್ತು, ಅದಕ್ಕೂ ಅಡ್ಡಗೆರೆ ಇತ್ತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆದರೆ ಟಿಸಿಗಳಷ್ಟನ್ನೇ ಹಾಜರುಪಡಿಸಿದರೆ ಎದುರಿನವರು ತಕರಾರು ತೆಗೆಯುತ್ತಾರೆ. ಅದಕ್ಕೇ ಶಾಲೆಯ ದಾಖಲಾತಿ ರಿಜಿಸ್ಟರ್ ತರಿಸಲು ಈಗಿನ ಮುಖ್ಯ ಶಿಕ್ಷಕರಿಗೆ ಸಮನ್ಸ್ ಮಾಡಿಸಿದೆ. ಅದೇ ಶಾಲೆಯಲ್ಲಿ ಮೇಷ್ಟ್ರ ಜೊತೆ ಕೆಲಸ ಮಾಡಿ ನಿವೃತ್ತರಾದ ಶಿಕ್ಷಕಿಯನ್ನು ಸಾಕ್ಷಿ ಕಟ್ಟೆಗೆ ಕರೆದೆ. "ಹಾಜರಿ ಪುಸ್ತಕಕ್ಕೆ ಅವರು ದಿನಾ ನನ್ನೆದುರೇ ಸಹಿ ಹಾಕುತ್ತಿದ್ದರು" ಅಂದರು ಆಯಮ್ಮ. ಎದುರಿನ ವಕೀಲರ ಪಾಟಿಸವಾಲಿನಲ್ಲಿ ಒಂದು ಚೂರೂ ಅಲುಗಲಿಲ್ಲ. ನನ್ನ ಲೆಕ್ಕದಲ್ಲಿ ಕೈಬರಹ ಪರಿಚಯ ಇರುವ ಇಂಥ ಒಬ್ಬರು ನಾಲ್ಕು ತಜ್ಞರಿಗಿಂತ ಮೇಲು.

ಮಾವನ ಸಹಿ ಸುಲಭವಾಯಿತು. ಸೊಸೈಟಿಯ ಸಾಲದ ಕಾಗದ, 1994ರ ಕ್ರಯಪತ್ರ, ಎರಡೂ ಸಿಕ್ಕವು.

ಮಾವನಿಗೆ ವಿಲ್ ಬರೆದುಕೊಟ್ಟ ಬಿಕ್ಕಲಂ (ಪತ್ರ ಬರಹಗಾರ) ಅಜ್ಜ ಬದುಕಿದ್ದರು. ಬರೆದುಕೊಟ್ಟವರು ಅಷ್ಟಕ್ಕೇ ವಿಲ್‌ಗೆ ಸಾಕ್ಷಿ ಹಾಕಿದವರು ಅಂತ ಆಗಲ್ಲ, ಗೊತ್ತಲ್ವಾ. ಸಂದರ್ಭ ಹೇಳಲಿ ಅಂತ ಕರೆದೆ. ಮುಖ್ಯ ವಿಚಾರಣೆ ಚೆನ್ನಾಗಿತ್ತು. ಪಾಟಿಸವಾಲಿನಲ್ಲಿ ವಯಸ್ಸು ಕೈಕೊಟ್ಟಿತು, ವರ್ಷವೇ ಅದಲುಬದಲಾಯಿತು. ಅದನ್ನು ಸರಿದೂಗಿಸಲು ಎದುರಿನ ಕಡೆಯ ಒಬ್ಬರಿಗೆ ನಾನು ಕೇಳಿದ ಮೂರು ಪ್ರಶ್ನೆಗಳಿವೆ. ಅವನ್ನು ಇಲ್ಲಿ ಬರೆಯಲ್ಲ. ಇದೇ ಥರದ ಇನ್ನೊಂದು ಕೇಸು ಕೈಯಲ್ಲಿದೆ.

ಒಂದು ಪ್ರಯೋಗವನ್ನೂ ಮಾಡಿದ್ದೆ. ನಾನೂರು ರೂಪಾಯಿಯ ಯುವಿ ಟಾರ್ಚ್ ತರಿಸಿ, ಕೋರ್ಟಿಗೆ ಕೊಡುವ ಮೊದಲೇ ವಿಲ್‌ನ ಎರಡೂ ಹಾಳೆಗಳನ್ನು ಕತ್ತಲೆಯಲ್ಲಿ ನೋಡಿದ್ದೆ. ಎರಡೂ ಒಂದೇ ಥರ ಹೊಳೆದವು. ಒಂದು ಬೇರೆ ಥರ ಹೊಳೆದಿದ್ದರೆ ಹಾಳೆ ಬದಲಾಗಿದೆಯಾ ಅಂತ ಯೋಚಿಸಬೇಕಿತ್ತು. ಕೋರ್ಟಿನಲ್ಲಿ ಇದಕ್ಕೆ ಬೆಲೆ ಇಲ್ಲ, ನನ್ನ ಧೈರ್ಯಕ್ಕೆ ಸಾಕಾಯಿತು. ಸಹಿಗಳನ್ನು ದೊಡ್ಡದು ಮಾಡಿ ಎ3 ಹಾಳೆಗೆ ಪ್ರಿಂಟ್ ಕೂಡ ಹಾಕಿಸಿದ್ದೆ. ಜಡ್ಜ್ ಸಾಹೇಬರು ಅದನ್ನು ಪಕ್ಕಕ್ಕಿಟ್ಟು ಅಸಲನ್ನೇ ಕಿಟಕಿ ಕಡೆ ಹಿಡಿದು ನೋಡಿದರು. ಹಾಗಾಗಿ ಅಸಲಿಗೇ ಓಡಾಡಿ.

ಅನುಮಾನದ ಸಂಗತಿಗಳಿಗೆ ಉತ್ತರ ಕೊಡುವುದು ನಮ್ಮದೇ ಜವಾಬ್ದಾರಿ. ಮೈಸೂರಿನಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಎಚ್. ವೆಂಕಟಾಚಲ ಅಯ್ಯಂಗಾರ್ ಕೇಸಿನ ತೀರ್ಪು ಬಂದ 1959ರಿಂದ ಅದೇ ಮಾತು. ಅಳಿಯನೇ ಎಲ್ಲ ಪಡೆದದ್ದು ಯಾಕೆ ಅಂತ ಕೇಳೇ ಕೇಳುತ್ತಾರೆ. ಮಾವನ ಕೊನೆಯ ವರ್ಷಗಳ ಆಸ್ಪತ್ರೆ ಬಿಲ್ಲು, ಔಷಧಿ ಚೀಟಿಗಳನ್ನು ಕಕ್ಷಿದಾರರ ಹೆಂಡತಿ ಸಕ್ಕರೆ ಡಬ್ಬಿಯಲ್ಲಿ ಜೋಪಾನ ಮಾಡಿದ್ದರು. ಯಾರು ನೋಡಿಕೊಂಡರು ಅನ್ನುವುದಕ್ಕೆ ಅದಕ್ಕಿಂತ ಬೇರೆ ಉತ್ತರ ಬೇಕಾಗಲಿಲ್ಲ.

ದುಡ್ಡಿನ ಮಾತು. ಪತ್ರಿಕೆಯಲ್ಲಿ ಹಾಕಿಸುವ ಸಾರ್ವಜನಿಕ ನೋಟಿಸು, ಅಂದರೆ ಸೈಟೇಷನ್‌ಗೆ ಏಳು ಸಾವಿರದ ಆಸುಪಾಸು. ಸಾಕ್ಷಿಗಳ ಬತ್ತೆ, ಜೆರಾಕ್ಸ್, ಜಿಲ್ಲಾ ಕೇಂದ್ರಕ್ಕೆ ಬಸ್ಸು ಎಲ್ಲ ಸೇರಿ ಇನ್ನೊಂದು 20 ಸಾವಿರ. ದೊಡ್ಡದು ಕೋರ್ಟ್ ಫೀ. ಆಸ್ತಿ ಮೌಲ್ಯದ ಪಟ್ಟಿ ಬರೆಯುವಾಗ ತೀರಿಕೊಂಡವರ ಸಾಲ, ಅಂತ್ಯಕ್ರಿಯೆ ಖರ್ಚು ಕಳೆಯಲು ಅವಕಾಶ ಇದೆ. ಎಷ್ಟೋ ಜನ ಆ ಭಾಗವನ್ನು ಖಾಲಿ ಬಿಡುತ್ತಾರೆ. ಸೊಸೈಟಿ ಸಾಲದ ಬಾಕಿ ಪತ್ರ ತರಿಸಿ ನಾನು ಕಳೆಸಿದೆ. ನನ್ನ ಫೀಸು ಮೂರು ಕಂತಿನಲ್ಲಿ ಬಂತು, ಕೊನೆಯದು ಅಡಿಕೆ ಮಾರಿದ ಮೇಲೆ.

ಪ್ರೊಬೇಟ್ ಬಂದ ತಕ್ಷಣ ಬ್ಯಾಂಕಿನವರು ಠೇವಣಿ ಬಿಟ್ಟುಕೊಟ್ಟರು. ಖಾತೆಯೂ ಆಯಿತು. ಆದರೆ ಕೇಸು ಮುಗಿಯಿತು ಅಂತ ಕಟ್ಟು ಮೇಲಿಡಬೇಡಿ. ಉತ್ತರಾಧಿಕಾರ ಕಾಯ್ದೆಯ 317ನೇ ಕಲಂ ಪ್ರಕಾರ ಆರು ತಿಂಗಳೊಳಗೆ ಆಸ್ತಿಯ ಪಟ್ಟಿ, ಒಂದು ವರ್ಷದೊಳಗೆ ಲೆಕ್ಕ ಕೋರ್ಟಿಗೆ ಕೊಡಬೇಕು. ನಾವು ಪಟ್ಟಿ ಹಾಕಿದ್ದೇವೆ. ಲೆಕ್ಕವನ್ನು ಕಕ್ಷಿದಾರರ ಮಗಳು ಬರೆಯುತ್ತಿದ್ದಾಳೆ, ವಾಯಿದೆಗೆ ಮೊದಲೇ ಸಿದ್ಧವಾಗುತ್ತದೆ.